ಗಾಡಿ ಸ್ಪೀಕರಿನ ಸಿಳ್ಳೆ: ಅರ್ಥಿಂಗ್ ದೋಷ ಹುಡುಕುವ ಬಗೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹಾಡು ಹಚ್ಚದ ಗಾಡಿ ಕಡಿಮೆ. ಗಾಣಗಾಪುರ, ಅಕ್ಕಲಕೋಟೆಗೆ ಭಕ್ತರನ್ನು ಒಯ್ಯುವ ಕ್ರೂಸರ್, ಹಳ್ಳಿಯಿಂದ ತಾಲೂಕಿಗೆ ಓಡುವ ಟಂಟಂ, ಹಾವಳಗಾ ಮತ್ತು ಭೂಸನೂರಿನ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಎಳೆಯುವ ಟ್ರ್ಯಾಕ್ಟರ್, ಹೀಗೆ ಎಲ್ಲದರಲ್ಲೂ ಒಂದು ಡೆಕ್, ಎರಡು ಸ್ಪೀಕರ್ ಇದ್ದದ್ದೇ. ಹವ್ಯಾಸ ಹೆಚ್ಚಿದ್ದಲ್ಲಿ ಆಂಪ್ಲಿಫೈಯರ್, ಬೂಫರ್ ಕೂಡ. ಹಾಡಿನ ಹಿಂದೆ ಸಿಳ್ಳೆಯೋ ಗುಂಯ್ ಎಂಬ ಸದ್ದೋ ಸೇರಿಕೊಂಡಾಗ ಮೊದಲು ಬೈಸಿಕೊಳ್ಳುವುದು ಡೆಕ್. ಅದನ್ನು ಬದಲಿಸಿದ ಮೇಲೂ ಸಿಳ್ಳೆ ಹೋಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಬಹಳಷ್ಟು ಸಲ ದೋಷವಿರುವುದು ಯಂತ್ರದಲ್ಲಲ್ಲ, ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲಿ. ಆ ದಾರಿಯ ಹೆಸರೇ ಅರ್ಥಿಂಗ್.

ಸದ್ದಿನ ಗುಣದಿಂದ ಸುಳಿವು

ಎಕ್ಸಲರೇಟರ್ ಒತ್ತಿದಂತೆ ಏರುವ ಸಿಳ್ಳೆ ಆಲ್ಟರ್ನೇಟರಿನದು. ನಮ್ಮ ಮೆಕ್ಯಾನಿಕ್‌ಗಳು ಅದನ್ನು ಇಂದಿಗೂ ಡೈನಮೋ ಎನ್ನುತ್ತಾರೆ. ಅದರೊಳಗೆ ಹುಟ್ಟುವುದು ಮೂರು ಫೇಸಿನ ಎಸಿ. ಅದನ್ನು ಆರು ಡಯೋಡ್‌ಗಳು ಡಿಸಿ ಮಾಡುತ್ತವೆ. ಆದರೆ ಆ ಡಿಸಿ ಪೂರ್ತಿ ನಯವಾಗಿರುವುದಿಲ್ಲ, ಅದರ ಮೇಲೆ ಸಣ್ಣ ಅಲೆ ಉಳಿಯುತ್ತದೆ. ಸಾಮಾನ್ಯ 12 ಪೋಲಿನ ಆಲ್ಟರ್ನೇಟರ್ ಎಂಜಿನ್ನಿಗಿಂತ ಎರಡೂವರೆ ಪಟ್ಟು ವೇಗದಲ್ಲಿ ತಿರುಗುತ್ತದೆ ಎಂದುಕೊಳ್ಳಿ. ಎಂಜಿನ್ 800 ಸುತ್ತಿನಲ್ಲಿ ಸುಮ್ಮನೆ ಓಡುತ್ತಿದ್ದಾಗ ಅಲೆಯ ಕಂಪನ 1,200 ಹರ್ಟ್ಝ್ ಆಗುತ್ತದೆ, 2,000 ಸುತ್ತಿನಲ್ಲಿ 3,000 ಹರ್ಟ್ಝ್. ಮನುಷ್ಯನ ಕಿವಿ ಅತಿ ಚುರುಕಾಗಿರುವ ವಲಯವೇ ಅದು. ಹಾಗಾಗಿ ಅಲೆ ಎಷ್ಟೇ ಸಣ್ಣದಾದರೂ ಕಿವಿಗೆ ಚುಚ್ಚುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ವೇಗದೊಂದಿಗೆ ಹೆಚ್ಚುವ ಟಿಕ್ ಟಿಕ್ ಸ್ಪಾರ್ಕ್ ಪ್ಲಗ್ಗಿನ ಕಡೆಯದು. ಡೀಸೆಲ್ಲಿಗೆ ಸ್ಪಾರ್ಕ್ ಇಲ್ಲ. ಆದರೆ ಹೊಸ ಕಾಮನ್‌ರೇಲ್ ಎಂಜಿನ್‌ಗಳ ಇಂಜೆಕ್ಟರ್‌ಗಳಿಗೆ ಹೋಗುವ ವಿದ್ಯುತ್ ಮಿಡಿತದಿಂದಲೂ ಅಂಥದೇ ಸದ್ದು ಬರಬಹುದು. ಬ್ಲೋವರ್ ಅಥವಾ ವೈಪರ್ ಹಾಕಿದಾಗ ಮಾತ್ರ ಕರಕರ ಎಂದರೆ ಆ ಮೋಟರಿನ ಕಾರ್ಬನ್ ಬ್ರಷ್ ನೋಡಿ. ಎಂಜಿನ್ ಬಂದ್ ಇದ್ದರೂ ಸುಯ್ ಎನ್ನುತ್ತಿದ್ದರೆ ಆಂಪ್ಲಿಫೈಯರಿನ ಗೇನ್ ಅತಿಯಾಗಿದೆ, ಅಷ್ಟೆ. ಗೇನ್ ಇರುವುದು ಡೆಕ್‌ಗೂ ಆಂಪ್ಲಿಫೈಯರಿಗೂ ಹೊಂದಿಸಲಿಕ್ಕೆ. ಅದನ್ನು ವಾಲ್ಯೂಮ್ ಎಂದು ತಿಳಿದು ಕೊನೆಯವರೆಗೆ ತಿರುವಿದರೆ ಎಲ್ಲಿಯ ಗದ್ದಲವಾದರೂ ದೊಡ್ಡದಾಗುತ್ತದೆ.

ಬಾಡಿಯೇ ವಾಪಸು ತಂತಿ

ಪಾಸಿಟಿವ್‌ಗೆ ಬ್ಯಾಟರಿಯಿಂದ ತಂತಿ ಎಳೆಯುತ್ತೇವೆ. ನೆಗೆಟಿವ್‌ಗೆ ಮಾತ್ರ ಗಾಡಿಯ ಕಬ್ಬಿಣವನ್ನೇ ನಂಬುತ್ತೇವೆ. ನಂಬಿಕೆ ಸುಳ್ಳಲ್ಲ, ಆದರೆ ಕಬ್ಬಿಣಕ್ಕೂ ತಂತಿಗೂ ನಡುವೆ ಬೋಲ್ಟ್ ಇದೆ, ಬೋಲ್ಟಿನ ಕೆಳಗೆ ಬಣ್ಣವಿದೆ, ತುಕ್ಕಿದೆ. ಎರಡು ಸ್ಪೀಕರಿಗೆ ತಲಾ 100 ವ್ಯಾಟ್ ಕೊಡುವ ಆಂಪ್ಲಿಫೈಯರ್ ಪೂರ್ತಿ ಕೂಗಿದಾಗ ಸುಮಾರು 30 ಆಂಪಿಯರ್ ಎಳೆಯುತ್ತದೆ. ಆ ಬೋಲ್ಟಿನಲ್ಲಿ ಬರೀ 0.02 ಓಮ್ ಪ್ರತಿರೋಧವಿದ್ದರೂ ಅಲ್ಲಿ 0.6 ವೋಲ್ಟ್ ಕಳೆದುಹೋಗುತ್ತದೆ. ಡೆಕ್‌ನಿಂದ ಬರುವ ಹಾಡಿನ ಸಿಗ್ನಲ್ಲೇ ಎರಡು ವೋಲ್ಟಿನೊಳಗಿರುವಾಗ ಇದು ಸಣ್ಣ ಮೊತ್ತವಲ್ಲ.

ಈ ಸೀಮೆಯ ಎರೆಮಣ್ಣು ಬೇರೆ ಇದೆ. ಮಳೆಗಾಲದಲ್ಲಿ ಫೆಂಡರಿನೊಳಗೆ, ಚಾಸಿಗೆ ಮೆತ್ತಿಕೊಂಡರೆ ತೇವವನ್ನು ದಿನಗಟ್ಟಲೆ ಬಿಡುವುದಿಲ್ಲ. ಅರ್ಥಿಂಗ್ ಬೋಲ್ಟುಗಳು ಒಳಗಿಂದಲೇ ಹಸಿರು, ಕೆಂಪು ಕಟ್ಟುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗಿನಂತೆ ನೀರಿನಲ್ಲಿ ನಿಂತ ಗಾಡಿಯಾದರಂತೂ ಹೊರಗೆ ತೊಳೆದು ಮಿಂಚಿಸಿದ್ದರೂ ಅರ್ಥಿಂಗ್ ಪಟ್ಟಿ ಬಿಚ್ಚಿ ನೋಡದೆ ಆಡಿಯೋ ಕೂರಿಸಬಾರದು.

ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಂತಿಪಟ್ಟಿ ಕಡಿದಿದ್ದರೆ ಸಮಸ್ಯೆ ಹಾಡಿಗಷ್ಟೇ ನಿಲ್ಲುವುದಿಲ್ಲ. ಸೆಲ್ಫ್ ಹೊಡೆದಾಗಿನ ಭಾರೀ ಕರೆಂಟು ಬೇರೆ ದಾರಿ ಹುಡುಕುತ್ತದೆ. ಕ್ಲಚ್ ಕೇಬಲ್, ಎಕ್ಸಲರೇಟರ್ ಕೇಬಲ್ ಬಿಸಿಯಾಗುವುದು ಅದರಿಂದಲೇ.

ಮೀಟರ್ ಹಿಡಿಯುವ ಕ್ರಮ

ಓಮ್ ರೇಂಜಿನಲ್ಲಿಟ್ಟು ಅರ್ಥಿಂಗ್ ನೋಡುವುದು ವ್ಯರ್ಥ. ಸಾದಾ ಮಲ್ಟಿಮೀಟರಿನ ವಯರುಗಳಲ್ಲೇ 0.02ಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರತಿರೋಧವಿರುತ್ತದೆ. ಬೀಪ್ ಬಂತು ಎಂದರೆ ತಂತಿ ಕಡಿದಿಲ್ಲ ಎಂದಷ್ಟೇ ಅರ್ಥ. ನೋಡಬೇಕಾದದ್ದು ಕೆಲಸದ ವೇಳೆಯ ವೋಲ್ಟೇಜ್.

ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಮುಳ್ಳು ಆಂಪ್ಲಿಫೈಯರಿನ ನೆಗೆಟಿವ್ ಸ್ಕ್ರೂ ಮೇಲೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಎಂಜಿನ್ ಚಾಲೂ ಮಾಡಿ, ಬೂಫರ್ ಬಡಿಯುವಂಥ ಹಾಡು ಹಾಕಿ. 0.1 ವೋಲ್ಟಿನೊಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ತೋರಿಸಿದರೆ ಆಂಪ್ಲಿಫೈಯರಿನ ಕಡೆಯ ಮುಳ್ಳನ್ನು ಒಂದೊಂದೇ ಹೆಜ್ಜೆ ಬ್ಯಾಟರಿಯ ಕಡೆ ಸರಿಸುತ್ತ ಹೋಗಿ. ಮೊದಲು ತಂತಿಯ ತುದಿಯ ಲಗ್, ಆಮೇಲೆ ಬೋಲ್ಟ್, ಬಾಡಿ, ಕೊನೆಗೆ ಬ್ಯಾಟರಿಯ ಕ್ಲಾಂಪ್. ಅಂಕಿ ಎಲ್ಲಿ ಸರ್ರನೆ ಇಳಿಯುತ್ತದೋ ರೋಗ ಅಲ್ಲಿದೆ.

ಆಮೇಲೆ ಬ್ಯಾಟರಿ ನೋಡಿ. ವಿಶ್ರಾಂತಿಯಲ್ಲಿ 12.6, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಮೀಟರನ್ನು ಎಸಿಗೆ ತಿರುವಿದಾಗ ಅರ್ಧ ವೋಲ್ಟ್ ಮೀರಿದರೆ ಆಲ್ಟರ್ನೇಟರಿನ ಡಯೋಡ್ ಸುಟ್ಟಿರುವ ಶಂಕೆ. ಆಗ ಯಾವ ಫಿಲ್ಟರೂ ಸಿಳ್ಳೆ ನಿಲ್ಲಿಸದು. ಒಂದು ಎಚ್ಚರಿಕೆ: ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲಿ ಬ್ಯಾಟರಿಯ ಡಿಸಿಯನ್ನೇ ದುಪ್ಪಟ್ಟು ಮಾಡಿ 25, 28 ಎಂದೆಲ್ಲ ತೋರಿಸುತ್ತವೆ. ಮುಳ್ಳಿಗೆ ಸರಣಿಯಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಆ ಸುಳ್ಳು ನಿಲ್ಲುತ್ತದೆ.

ಗ್ರೌಂಡ್ ಲೂಪ್

ಡೆಕ್‌ನ ಅರ್ಥಿಂಗ್ ಡ್ಯಾಶ್‌ಬೋರ್ಡಿನ ಹಿಂದೆ, ಆಂಪ್ಲಿಫೈಯರಿನದು ಹಿಂದಿನ ಸೀಟಿನ ಕೆಳಗೆ. ಎರಡಕ್ಕೂ ಸಂಬಂಧ ಕಟ್ಟುವುದು ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ತಂತಿಯ ಹೊರಜಾಲರಿ. ನೀರಿನ ಮಟ್ಟ ಬೇರೆ ಬೇರೆ ಇರುವ ಎರಡು ಬಾವಿಗಳ ನಡುವೆ ಪೈಪು ಹಾಕಿದರೆ ನೀರು ಹರಿಯುವಂತೆ, ಎರಡೂ ಕಡೆಯ ಅರ್ಥಿಂಗ್ ಮಟ್ಟ ಬೇರೆಯಾದರೆ ಜಾಲರಿಯಲ್ಲಿ ಕರೆಂಟು ಹರಿಯುತ್ತದೆ. ಇದೇ ಗ್ರೌಂಡ್ ಲೂಪ್. ಆಂಪ್ಲಿಫೈಯರ್ ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ.

ಪರೀಕ್ಷೆ ಸುಲಭ. ಎಲ್ಲ ಆಫ್ ಮಾಡಿ ಆಂಪ್ಲಿಫೈಯರಿನಿಂದ ಆರ್‌ಸಿಎ ಕಿತ್ತು ಮತ್ತೆ ಚಾಲೂ ಮಾಡಿ. ಸಿಳ್ಳೆ ಉಳಿದರೆ ದೋಷ ಆಂಪ್ಲಿಫೈಯರಿನ ಪವರ್ ಅಥವಾ ಅರ್ಥಿಂಗಿನಲ್ಲಿ; ಹೋದರೆ ಡೆಕ್ ಅಥವಾ ತಂತಿಯ ಕಡೆ. ಆನ್ ಇರುವಾಗಲೇ ಆರ್‌ಸಿಎ ಕೀಳುವ ಅವಸರ ಬೇಡ. ಕೆಲವು ಡೆಕ್‌ಗಳಲ್ಲಿ ಆರ್‌ಸಿಎ ನೆಗೆಟಿವ್ ಹಾದಿಗೆ ಅಕ್ಕಿಕಾಳಿಗಿಂತ ಚಿಕ್ಕ ಫ್ಯೂಸ್ ಇರುತ್ತದೆ, ಅದು ಹೋದರೆ ಸಿಳ್ಳೆ ಅಂದಿನಿಂದಲೇ ಶುರು. ಆರ್‌ಸಿಎ ಹೊರಗವಚಕ್ಕೂ ಡೆಕ್‌ನ ತಗಡಿಗೂ ಒಂದು ತುಂಡು ತಂತಿ ತಾಗಿಸಿದಾಗ ಸದ್ದು ಮಾಯವಾದರೆ ಆ ಫ್ಯೂಸ್ ಹೋಗಿದೆ ಎಂದು ತಿಳಿಯಬೇಕು.

ಚಾರ್ಜಿಗೆ ಹಾಕಿದ ಮೊಬೈಲನ್ನು ಆಕ್ಸ್ ತಂತಿಗೂ ಜೋಡಿಸಿದಾಗ ಬರುವ ಗುಂಯ್ ಕೂಡ ಇದೇ ಜಾತಿಯದು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ, ಬ್ಲೂಟೂತಿಗೆ ಬದಲಾದರೂ ನಿಲ್ಲುತ್ತದೆ. ಮಾರುಕಟ್ಟೆಯ ಗ್ರೌಂಡ್ ಲೂಪ್ ಐಸೋಲೇಟರ್ ಒಳಗೆ ಇರುವುದು ಪುಟ್ಟ ಟ್ರಾನ್ಸ್‌ಫಾರ್ಮರ್. ಕೆಲಸ ಮಾಡುತ್ತದೆ, ಆದರೆ ಅಗ್ಗದ್ದು ಬೇಸ್ ನುಂಗುತ್ತದೆ. ಬೂಫರಿಗೆ ದುಡ್ಡು ಸುರಿದು ಅದರ ಮುಂದೆ ಇದನ್ನು ಕೂರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ದುರಸ್ತಿ

ಬಣ್ಣ ಕೆರೆದು ಬರಿ ಕಬ್ಬಿಣ ಕಾಣಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲೆ ಗ್ರೀಸ್ ಸವರಿ. ಅರ್ಥಿಂಗ್ ತಂತಿ ಪಾಸಿಟಿವ್‌ನಷ್ಟೇ ದಪ್ಪವಿರಲಿ, ಒಂದೂವರೆ ಅಡಿ ಮೀರದಿರಲಿ. ಸೀಟ್ ಬೆಲ್ಟಿನ ಬೋಲ್ಟ್ ಎಷ್ಟೇ ಹತ್ತಿರವಿದ್ದರೂ ಅದನ್ನು ಮುಟ್ಟಬೇಡಿ, ಅದು ಜೀವದ ಪ್ರಶ್ನೆ. ಪಾಸಿಟಿವ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಬೇಕು. ಪವರ್ ತಂತಿ ಒಂದು ಬದಿಯಿಂದ, ಆರ್‌ಸಿಎ ಇನ್ನೊಂದು ಬದಿಯಿಂದ ಹೋಗಲಿ.

ತಂತಿ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪವಿರುವ ಅಲ್ಯುಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಮೂರನೇ ಎರಡರಷ್ಟು ಮಾತ್ರ ಕರೆಂಟು ಒಯ್ಯಬಲ್ಲದು.

ಗಾಳಿಯಲ್ಲಿ ಬರುವ ಕರಕರ

ರೇಡಿಯೋದಲ್ಲಿ ಮಾತ್ರ ಸದ್ದಿದ್ದರೆ ಆಂಟೆನಾ ಬುಡದ ಅರ್ಥಿಂಗ್ ಮೊದಲು ನೋಡಿ. ಅದು ಸರಿಯಿದ್ದರೆ ಎಲ್‌ಇಡಿ ಲೈಟುಗಳು, ಅಗ್ಗದ ಯುಎಸ್‌ಬಿ ಚಾರ್ಜರ್ ಮೇಲೆ ಸಂಶಯ. ಯಾವುದರ ತಪ್ಪೆಂದು ಹುಡುಕಲು ಮನೆಯ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಒಳ್ಳೆಯ ಸಾಧನ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯನ್ನು ಈ ಭಾಗದವರು ಮೀಡಿಯಂ ವೇವಿನ 1107 ಕಿಲೋಹರ್ಟ್ಝ್‌ನಲ್ಲಿ ಕೇಳುತ್ತ ಬಂದಿದ್ದಾರೆ. ಅದರಿಂದ ಸ್ವಲ್ಪ ಆಚೆ, ಖಾಲಿ ಜಾಗಕ್ಕೆ ಮುಳ್ಳು ಸರಿಸಿ, ಸೆಟ್ಟನ್ನು ಗಾಡಿಯ ಸುತ್ತ ಆಡಿಸಿ. ಯಾವ ಲೈಟಿನ ಬಳಿ ಕರಕರ ಜೋರಾಗುತ್ತದೋ ಅದೇ ಕಳ್ಳ.

ಟ್ರ್ಯಾಕ್ಟರ್ ಮತ್ತು ಲಾರಿ

ಟ್ರ್ಯಾಕ್ಟರಿನ ಆಲ್ಟರ್ನೇಟರ್ ಹೆಚ್ಚಾಗಿ 35ರಿಂದ 45 ಆಂಪಿಯರಿನದು. ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಹೆಡ್‌ಲೈಟ್, ಹಿಂದಿನ ಲೈಟ್, ಬಣ್ಣದ ಎಲ್‌ಇಡಿ ಎಲ್ಲ ಉರಿಯುವಾಗ 30 ಆಂಪಿಯರಿನ ಆಂಪ್ಲಿಫೈಯರಿಗೆ ಉಳಿಯುವುದು ಕಡಿಮೆ. ವೋಲ್ಟೇಜ್ ಕುಸಿದು ಹಾಡು ಒಡೆಯುತ್ತದೆ. ಅದು ಅರ್ಥಿಂಗ್ ದೋಷವಲ್ಲ, ಅಳತೆ ಮೀರಿದ ಬೇಡಿಕೆ.

24 ವೋಲ್ಟಿನ ಲಾರಿಗಳಲ್ಲಿ ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ 12 ವೋಲ್ಟ್ ಕದ್ದು ಡೆಕ್ ನಡೆಸುವ ರೂಢಿಯಿದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಹಸಿದು, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ಸರಿ. ಅದೂ ಒಳಗೆ ಸ್ವಿಚಿಂಗ್ ಮಾಡುವುದರಿಂದ ಡೆಕ್‌ನಿಂದ ದೂರವಿಡಬೇಕು, ಕನ್ವರ್ಟರ್ ಮತ್ತು ಡೆಕ್ ಎರಡರ ನೆಗೆಟಿವ್ ತಂತಿಗಳನ್ನೂ ಒಂದೇ ಬೋಲ್ಟಿಗೆ ತರಬೇಕು.