ಇಬ್ಬರು ನಡೆಯುವ ಸೇತುವೆ

ಕಡೂರಿನಲ್ಲಿ ಹೊಸದಾಗಿ ಮದುವೆಯಾದ ಹುಡುಗ ಸಂಜೆ ಹೊತ್ತು ಹೆಂಡತಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಹೋಟೆಲಿಗೆ ಹೋದರೆ ಅರ್ಧ ಗಂಟೆಯಲ್ಲಿ ಮುಗಿಯಿತು. ಸಿನಿಮಾಕ್ಕೆ ಹೋದರೆ ಮಾತಾಡುವಂತಿಲ್ಲ. ಪೇಟೆ ಬೀದಿಯಲ್ಲಿ ನಡೆದರೆ ಹತ್ತು ಹೆಜ್ಜೆಗೊಬ್ಬರು ಪರಿಚಯದವರು ಎದುರಾಗಿ, 'ಏನಪ್ಪಾ, ಯಾವ ಕಡೆ ಹೊರಟಿರಿ?' ಎಂದು ಕೇಳದೆ ಬಿಡುವುದಿಲ್ಲ. ಕೊನೆಗೆ ಉಳಿಯುವುದು ಎರಡೇ ಜಾಗ: ಕೆರೆ ಏರಿ, ಇಲ್ಲವೇ ರೈಲ್ವೆ ಸ್ಟೇಷನ್. ತರೀಕೆರೆಯ ಹುಡುಗನಿಗೂ ಅಜ್ಜಂಪುರದ ಹುಡುಗನಿಗೂ ಇದಕ್ಕಿಂತ ಹೆಚ್ಚಿನ ಆಯ್ಕೆಯಿಲ್ಲ.

ಸಿನಿಮಾ ಹಾಡುಗಳಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಒಂದು ಹೊಳೆ, ಹೊಳೆಗೆ ಅಡ್ಡಲಾಗಿ ಜನ ಮಾತ್ರ ನಡೆಯುವ ಒಂದು ಕಿರುಸೇತುವೆ, ಅದರ ಮೇಲೆ ಇಬ್ಬರು. ಈ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಪ್ರೇಮಕ್ಕೂ ಕಾಲುಸೇತುವೆಗೂ ಹುಟ್ಟಿನಿಂದಲೇ ನಂಟಿದೆ ಎಂದು ನಂಬಿಬಿಟ್ಟಿದ್ದೇವೆ. ಆದರೆ ನಮ್ಮ ನಾಡಿನ ಕಾಲುಸೇತುವೆಗಳ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ.

ಹೊಳೆಯಿದ್ದೂ ಇಲ್ಲದ ಊರುಗಳು

ಮೊದಲು ನಮ್ಮ ಮೂರು ಊರುಗಳನ್ನೇ ನೋಡೋಣ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ನದಿ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬಿಸಿ ಕಡೂರಿನ ಕಡೆಗೆ ಹರಿಯುತ್ತದೆ. ಅತ್ತ ಮದಗದ ಕೆರೆಯ ಕಡೆಯಿಂದ ಬರುವ ಅವತಿ ಅದನ್ನು ಕೂಡಿ ವೇದಾವತಿಯಾಗುತ್ತದೆ. ಈ ವೇದಾವತಿಗೇ ಮುಂದೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿ ವಾಣಿವಿಲಾಸ ಸಾಗರ ಮಾಡಿದರು. ಹೆಸರು ದೊಡ್ಡದು, ಆದರೆ ಮಳೆಗಾಲ ಕಳೆದ ಮೇಲೆ ಕಡೂರಿನ ಬಯಲಿನಲ್ಲಿ ಅದನ್ನು ದಾಟಲು ಸೇತುವೆ ಬೇಕಿಲ್ಲ. ಪಂಚೆ ಎತ್ತಿಕಟ್ಟಿದರೆ ಸಾಕು. ತರೀಕೆರೆ ತಾಲ್ಲೂಕಿಗೆ ಭದ್ರೆ ಇದ್ದಾಳೆ. ಆದರೆ ಅವಳಿರುವುದು ಊರಿನಿಂದ ದೂರ, ಲಕ್ಕವಳ್ಳಿಯ ಅಣೆಕಟ್ಟೆಯ ಹಿಂದೆ. ಅಜ್ಜಂಪುರದ್ದು ಅಮೃತಮಹಲ್ ದನಗಳು ಮೇಯುವ ಬಯಲುಸೀಮೆ.

ಅಜ್ಜಂಪುರದ ವಿಷಯದಲ್ಲಿ ಒಂದು ಸೋಜಿಗವಿದೆ. ಗಂಡಹೆಂಡಿರ ನವಿರು ಸರಸವನ್ನು ಕನ್ನಡ ಸಣ್ಣಕಥೆಗೆ ತಂದವರಲ್ಲಿ ಪ್ರಮುಖರಾದ 'ಆನಂದ' ಎಂಬ ಕಾವ್ಯನಾಮದ ಲೇಖಕರು ಇದೇ ಊರಿನ ಹೆಸರನ್ನು ಹೊತ್ತ ಅಜ್ಜಂಪುರ ಸೀತಾರಾಂ. ಹೊಳೆದಂಡೆಯಿಲ್ಲದ ಊರಿನವರಿಗೆ ಸರಸ ತಿಳಿಯದೇನೂ ಅಲ್ಲ. ಅವರದ್ದು ಮನೆಯ ಒಳಗಿನ ಸರಸ. ಬೀದಿಯಲ್ಲಿ ಜೊತೆಯಾಗಿ ನಿಧಾನಕ್ಕೆ ನಡೆಯುವುದು ಇತ್ತೀಚೆಗೆ ಬಂದದ್ದು. ಹಿಂದೆ ಹೊಸ ಜೋಡಿ ನಾಲ್ಕು ಜನರ ಎದುರು ಒಟ್ಟಿಗೆ ನಡೆಯಲು ಸಿಗುತ್ತಿದ್ದ ಒಪ್ಪಿತವಾದ ನೆಪವೆಂದರೆ ಮನೆದೇವರಿಗೋ ಶೃಂಗೇರಿ ಹೊರನಾಡಿಗೋ ಹೋಗಿಬರುವುದು.

1804ರ ಎರಡು ಸೇತುವೆಗಳು

ವಿಹಾರಕ್ಕೆಂದೇ ಸೇತುವೆ ಕಟ್ಟುವ ಯೋಚನೆ ಎಲ್ಲಿಂದ ಬಂತು? 1804ರಲ್ಲಿ ಪ್ಯಾರಿಸ್ ನಗರದ ಸೀನ್ ನದಿಯ ಮೇಲೆ 'ಪೋಂ ದೆಸ್ ಆರ್' ಎಂಬ ಕಬ್ಬಿಣದ ಸೇತುವೆ ಸಿದ್ಧವಾಯಿತು. ಅದರ ಮೇಲೆ ಗಾಡಿಗೆ ಪ್ರವೇಶವಿರಲಿಲ್ಲ. ಕುಂಡಗಳಲ್ಲಿ ಗಿಡ, ಕೂರಲು ಬೆಂಚು. ಚಿಲ್ಲರೆ ಕಾಸು ಕೊಟ್ಟು ಜನ ಗಾಳಿ ಸೇವನೆಗೆ ಬರುತ್ತಿದ್ದರು.

ಅದೇ 1804ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಮುಗಿಯಿತು. ಕಲ್ಲುಕಂಬಗಳನ್ನು ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ, ಚಪ್ಪಡಿ ಹಾಸಿದ ಗಟ್ಟಿ ಕೆಲಸ. ಎಷ್ಟೋ ಪ್ರವಾಹಗಳನ್ನು ಅದು ಕಂಡಿದೆ. ಅಲ್ಲಿ ಬೆಂಚಿರಲಿಲ್ಲ, ಹೂಗಿಡವಿರಲಿಲ್ಲ. ಎತ್ತಿನಗಾಡಿ, ದಂಡು, ದವಸ ದಾಟುವುದಷ್ಟೇ ಅದರ ಕೆಲಸ. ಒಂದೇ ವರ್ಷದ ಈ ಎರಡು ಸೇತುವೆಗಳು ಎರಡು ಅಗತ್ಯಗಳನ್ನು ತೋರಿಸುತ್ತವೆ. ಅಲ್ಲಿ ಸೇತುವೆಯ ಮೇಲೆ ನಿಲ್ಲಲು ಜನ ಬಂದರು, ಇಲ್ಲಿ ದಾಟಲು ಬಂದರು.

ಸಂಕ ಮತ್ತು ಸಾರ

ಹಾಗಾದರೆ ನಡೆಯುವವರ ಸೇತುವೆ ನಮ್ಮಲ್ಲಿ ಇರಲಿಲ್ಲವೇ? ಧಾರಾಳವಾಗಿತ್ತು. ತರೀಕೆರೆಯಿಂದ ಪಶ್ಚಿಮಕ್ಕೆ ಘಟ್ಟದ ಕಡೆ ಸರಿದರೆ ಹಳ್ಳಕ್ಕೊಂದು ಕಾಲುಸಂಕ. ಎರಡು ಮೂರು ಮರದ ದಿಮ್ಮಿ ಅಥವಾ ಅಡಕೆ ಮರವನ್ನು ದಡದಿಂದ ದಡಕ್ಕೆ ಹಾಕಿ, ಹಿಡಿಯಲು ಒಂದು ಬಿದಿರು ಗಳ ಕಟ್ಟಿದರೆ ಸಂಕ ಆಯಿತು. ಮಳೆಗಾಲಕ್ಕೆ ಮುಂಚೆ ಮನೆಯವರೇ ಕಟ್ಟಬೇಕು. ಹೊಳೆ ಮುನಿದರೆ ಆ ವರ್ಷವೇ ಕೊಚ್ಚಿಹೋಗುತ್ತದೆ. ಗದ್ದೆಗೆ, ಶಾಲೆಗೆ, ಬಾಣಂತಿಯನ್ನು ಕರೆತರಲು, ಹೆಣ ಸಾಗಿಸಲು ಅದೊಂದೇ ದಾರಿ. ಮೇಲೆ ಪಾಚಿ, ಕೆಳಗೆ ಕೆಂಪು ನೀರು. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಬಾಲಕಿ ಇಂಥ ಸಂಕದಿಂದ ಜಾರಿ ನೀರುಪಾಲಾದಳು. ಸಂಕದ ಮೇಲೆ ಕೈ ಹಿಡಿದು ನಡೆಯುವುದು ಮೊದಲಿಗೆ ಬೀಳದಿರಲಿ ಎಂದು.

ಸಂಕಕ್ಕೆ ಮಲೆನಾಡಿನಲ್ಲಿ 'ಸಾರ' ಎಂಬ ಹೆಸರೂ ಉಂಟು. ತೀರ್ಥಹಳ್ಳಿಯಲ್ಲಿ ತುಂಗೆಯ ಪಾತ್ರದಲ್ಲಿ ಇರುವುದು ಕಲ್ಲುಸಾರ. ಬಂಡೆಯಿಂದ ಬಂಡೆಗೆ ಕಾಲಿಡುತ್ತ ಹೊಳೆ ದಾಟುವ ಹಾದಿ ಅದು. ನೀರು ಇಳಿದಾಗ ಕಾಣುತ್ತದೆ, ಮಳೆಗಾಲದಲ್ಲಿ ಮುಳುಗುತ್ತದೆ. ಆಗ ದೋಣಿಯೇ ಗತಿ. 1943ರಲ್ಲಿ ಜಯಚಾಮರಾಜೇಂದ್ರ ಕಮಾನು ಸೇತುವೆ ಬರುವವರೆಗೆ ಆ ಊರಿನ ಬದುಕು ನಡೆದದ್ದು ಹೀಗೆ.

ಸೇತುವೆಯಿಲ್ಲದ ಕಾಲದ ಪ್ರೇಮ ಹೇಗಿತ್ತು? ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಗುತ್ತಿ, ತಿಮ್ಮಿ ಮರೆಯುವವರಲ್ಲ. ಒಡೆಯರ ಅಪ್ಪಣೆಯಿಲ್ಲದೆ ಮದುವೆಯೂ ಆಗುವಂತಿಲ್ಲದ ಜೀತದ ಲೋಕದಿಂದ ಅವರು ಓಡುತ್ತಾರೆ. ಅವರ ಎದುರು ತುಂಬಿದ ತುಂಗೆ. ಜೊತೆಗೆ ಬಂದ ನಾಯಿ ಹುಲಿಯ ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಆ ಇಬ್ಬರಿಗೆ ಹೊಳೆಯ ದಂಡೆ ಸುಂದರ ದೃಶ್ಯವಾಗಿರಲಿಲ್ಲ, ಬದುಕುವುದಕ್ಕೆ ದಾಟಲೇಬೇಕಾದ ಗಡಿಯಾಗಿತ್ತು.

ತೂಗುವ ಸೇತುವೆಯ ಗುಟ್ಟು

ಸಂಕದ ಕಷ್ಟಕ್ಕೆ ಉತ್ತರ ಕೊಟ್ಟವರಲ್ಲಿ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಮುಖ್ಯರು. 1989ರಲ್ಲಿ ಅರಂಬೂರಿನ ಜನರ ಕೋರಿಕೆಯಂತೆ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಎರಡು ದಡಗಳಲ್ಲಿ ಗೋಪುರ, ಅವುಗಳ ಮೇಲಿಂದ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ನಡೆಹಾದಿ. ಹೊಳೆಯ ನಡುವೆ ಕಂಬ ಬೇಡವಾದ್ದರಿಂದ ಖರ್ಚು ಕಡಿಮೆ, ಪ್ರವಾಹದ ಕಾಟವೂ ಕಡಿಮೆ. ಮುಂದೆ ಕರ್ನಾಟಕ, ಕೇರಳ ಮತ್ತಿತರ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಕಟ್ಟಿದ್ದು ಹಳ್ಳಿಯವರು ದಾಟಲೆಂದು. ಆಮೇಲೆ ಪೇಟೆಯ ಜೋಡಿಗಳೂ ತೂಗುಸೇತುವೆಗಳನ್ನು ಹುಡುಕಿಕೊಂಡು ಬರತೊಡಗಿದರು.

ಏಕೆ ಬರುತ್ತಾರೆ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಸ್ವಾರಸ್ಯದ ಉತ್ತರವಿದೆ. ಕೆನಡಾದ ಕ್ಯಾಪಿಲಾನೊ ಎಂಬ ಕಣಿವೆಯ ಮೇಲೆ ಅಲುಗಾಡುವ ತೂಗುಸೇತುವೆಯಿದೆ. ಅದನ್ನು ದಾಟುವ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಬೇಕಾದರೆ ಫೋನ್ ಮಾಡಿ ಎಂದು ನಂಬರ್ ಕೊಡುತ್ತಿದ್ದಳು. ಅಲುಗದ ಗಟ್ಟಿ ಸೇತುವೆಯ ಮೇಲೂ ಹಾಗೆಯೇ ಮಾಡಿದಳು. ಡಟನ್ ಮತ್ತು ಆರನ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದಂತೆ, ಫೋನ್ ಮಾಡಿದವರು ಹೆಚ್ಚಾಗಿ ಅಲುಗಾಡುವ ಸೇತುವೆಯವರೇ. ಭಯಕ್ಕೆ ಬಡಿದುಕೊಂಡ ಎದೆಯನ್ನು ಅವರು ಒಲವೆಂದು ತಿಳಿದಿದ್ದರು ಎಂಬುದು ಸಂಶೋಧಕರ ವಿವರಣೆ.

ಇನ್ನೊಂದು ಸಂಗತಿ ಹೆಜ್ಜೆಯದು. 2000ನೇ ಇಸವಿಯ ಜೂನಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ಮೇಲೆ ಹೊಸ ಕಾಲುಸೇತುವೆ ತೆರೆದ ದಿನ ಅದು ಪಕ್ಕಕ್ಕೆ ತೂಗಾಡತೊಡಗಿತು. ಸೇತುವೆ ಸ್ವಲ್ಪ ವಾಲಿದರೆ ನಡೆಯುವವರು ಬೀಳದಿರಲು ತಮಗರಿವಿಲ್ಲದೆ ಅದರ ಲಯಕ್ಕೆ ಹೆಜ್ಜೆ ಹೊಂದಿಸುತ್ತಾರೆ. ಹೆಜ್ಜೆ ಕೂಡಿದಷ್ಟೂ ಸೇತುವೆ ಮತ್ತಷ್ಟು ವಾಲುತ್ತದೆ. ಎರಡು ದಿನಕ್ಕೆ ಮುಚ್ಚಿ, ಅಲುಗಾಟ ತಡೆಯುವ ಸಾಧನ ಜೋಡಿಸಿ 2002ರಲ್ಲಿ ಮತ್ತೆ ತೆರೆದರು. ಇಬ್ಬರ ಹೆಜ್ಜೆ ಕೂಡಿದರೆ ಸರಸ, ಸಾವಿರಾರು ಜನರದ್ದು ಕೂಡಿದರೆ ಅಪಾಯ. ಸೇತುವೆಯ ಶಕ್ತಿ ಮೀರಿ ಜನ ಸೇರಿದರಂತೂ ಕೇಳುವುದೇ ಬೇಡ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ರಿಪೇರಿಯಾಗಿ ಕೆಲವೇ ದಿನಗಳ ಹಿಂದೆ ತೆರೆದಿದ್ದ ಹಳೆಯ ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಮಂದಿ ಸತ್ತರು. ರಜೆಯ ಸಂಜೆ ವಿಹಾರಕ್ಕೆ ಬಂದ ಜನ ಅವರು.

ಪ್ಯಾರಿಸ್ಸಿನ ಆ ವಿಹಾರದ ಸೇತುವೆಗೂ ಪ್ರೇಮವೇ ಭಾರವಾಯಿತು. ಪ್ರೇಮಿಗಳು ಕಟಕಟೆಗೆ ಬೀಗ ಹಾಕಿ ಕೀಲಿಯನ್ನು ಹೊಳೆಗೆಸೆಯುವ ಗೀಳು ಹತ್ತಿಸಿಕೊಂಡರು. 2014ರಲ್ಲಿ ಬೀಗಗಳ ತೂಕಕ್ಕೆ ಕಟಕಟೆಯ ಒಂದು ಭಾಗ ಕಳಚಿತು. ಮರುವರ್ಷ ತೆಗೆದ ಬೀಗಗಳ ತೂಕ ಸುಮಾರು 45 ಟನ್!

ತೀರ್ಥಹಳ್ಳಿಯಲ್ಲಿ ಒಂದು ಸಂಜೆ

ಇಷ್ಟೆಲ್ಲ ತಿಳಿದ ಮೇಲೂ ಕಡೂರಿನ ಜೋಡಿಗೆ ಹೊಳೆದಂಡೆಯ ಆಸೆ ಇರುವುದಾದರೆ, ಇರಲಿ. ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗದ ಮೇಲೆ ತೀರ್ಥಹಳ್ಳಿಗೆ ಒಂದು ದಿನದ ಪಯಣ. ಬೇಸಿಗೆಯಲ್ಲಿ, ನೀರು ಇಳಿದಾಗ ಹೊರಡಿ. ಬಿಸಿಲು ತಗ್ಗಿದ ಮೇಲೆ ಮೊದಲು ಕಮಾನು ಸೇತುವೆಯ ಮೇಲೆ ನಡೆಯಿರಿ. ಆಮೇಲೆ ರಾಮೇಶ್ವರ ದೇವಸ್ಥಾನದ ಕಡೆಯಿಂದ ಹೊಳೆದಂಡೆಗೆ ಇಳಿದು ಕಲ್ಲುಸಾರವನ್ನು ನೋಡಿ. ಕಲ್ಲಿನಲ್ಲಿ ಪಾಚಿಯಿದ್ದರೆ ಕಾಲಿಡಬೇಡಿ. ಗುಂಡಿಗಳ ಆಳ ತುಂಗೆಗಷ್ಟೇ ಗೊತ್ತು. ಮಳೆಗಾಲದಲ್ಲಾದರೆ ಸೇತುವೆಯ ಮೇಲಿಂದ ನೋಡಿದರೇ ಸಾಕು.

ದಾರಿಯಲ್ಲಿ ಯಾವುದಾದರೂ ಹಳ್ಳಿಯ ತೂಗುಸೇತುವೆ ಸಿಕ್ಕರೆ ಹತ್ತಿ, ಬೇಡವೆನ್ನುವುದಿಲ್ಲ. ಆದರೆ ಅದು ಇಬ್ಬರು ಜೊತೆಯಾಗಿ ನಡೆದರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಕಿರಿದು. ಎದುರಿನಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸೋ, ಪಾಟೀಚೀಲದ ಮಗುವೋ ಬಂದರೆ ಕೈ ಬಿಟ್ಟು ಒಬ್ಬರ ಹಿಂದೆ ಒಬ್ಬರು ನಿಂತು ದಾರಿ ಕೊಡಿ. ಸೇತುವೆ ಅವರದ್ದು. ಅವರು ದಾಟಿದ ಮೇಲೆ ಮತ್ತೆ ಕೈ ಹಿಡಿಯಲು ಹೊತ್ತು ಬೇಕಾದಷ್ಟಿರುತ್ತದೆ.