ಬ್ಯಾಟರಿ ಚಕ್ರಗರಗಸ: ಯಂತ್ರದ ಆಯ್ಕೆ, ಬ್ಯಾಟರಿಯ ಆಯ್ಕೆ

ಹಲ್ಲುಗಳಿರುವ ದುಂಡನೆಯ ಬ್ಲೇಡನ್ನು ಮೋಟರಿನಿಂದ ತಿರುಗಿಸಿ ಮರ, ಪ್ಲೈವುಡ್, ಎಂಡಿಎಫ್ ಮೊದಲಾದವನ್ನು ನೇರ ಗೆರೆಯಲ್ಲಿ ಕೊಯ್ಯುವ ಕೈಯಂತ್ರವೇ ಚಕ್ರಗರಗಸ. ಇದಕ್ಕೆ ವಿದ್ಯುತ್ತು ಗೋಡೆಯ ಪ್ಲಗ್ಗಿನ ಬದಲು ಯಂತ್ರದ ಬುಡಕ್ಕೆ ಜಾರಿಸಿ ಕೂರಿಸುವ ಬ್ಯಾಟರಿ ಪ್ಯಾಕಿನಿಂದ ಬಂದರೆ ಅದು ಬ್ಯಾಟರಿ ಚಕ್ರಗರಗಸ. ಅಂಗಡಿಯಲ್ಲಿ ಇದನ್ನು ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ ಎಂದೇ ಕೇಳಬೇಕು. ಪ್ಯಾಕನ್ನು ಕಳಚಿ ಅದೇ ಕಂಪನಿಯ ಡ್ರಿಲ್ಲು, ಗ್ರೈಂಡರು, ಜಿಗ್‌ಸಾಗಳಿಗೂ ಹಾಕಬಹುದು. ಹೀಗೆ ಒಂದೇ ಬಗೆಯ ಪ್ಯಾಕನ್ನು ಹಂಚಿಕೊಳ್ಳುವ ಯಂತ್ರಗಳ ಬಳಗಕ್ಕೆ ಬ್ಯಾಟರಿ ಪ್ಲಾಟ್‌ಫಾರ್ಮ್ ಎಂದು ಹೆಸರು. ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ಬ್ಲೇಡಿನ ಅಳತೆ ಮತ್ತು ಬೆಲೆಯ ಮೇಲಿರುತ್ತದೆ. ಆದರೆ ಬಳಗದಲ್ಲಿ ಅತಿ ಹೆಚ್ಚು ಕರೆಂಟು ಎಳೆಯುವ ಯಂತ್ರಗಳ ಸಾಲಿನಲ್ಲಿ ಗರಗಸ ಮುಂದಿದೆ. ಡ್ರಿಲ್ಲಿಗೆ ಧಾರಾಳವಾದ ಪ್ಯಾಕು ಗರಗಸಕ್ಕೆ ಹಾಕಿದೊಡನೆ ಏದುಸಿರು ಬಿಡುತ್ತದೆ. ಆದ್ದರಿಂದ ಮೊದಲು ಡ್ರಿಲ್ಲು ಕೊಂಡು, ಆಮೇಲೆ ಅದರ ಬ್ಯಾಟರಿಗೆ ಹೊಂದುವ ಗರಗಸ ಹುಡುಕುವ ರೂಢಿ ತಲೆಕೆಳಗಾದದ್ದು. ಮುಂದೆಂದಾದರೂ ಗರಗಸ ಬೇಕಾಗುತ್ತದೆ ಎನ್ನುವವರು ಗರಗಸವನ್ನೇ ಮುಂದಿಟ್ಟುಕೊಂಡು ಬಳಗವನ್ನು ಆರಿಸಬೇಕು.

ಇತಿಹಾಸ: ಕೈಯಲ್ಲಿ ಹಿಡಿಯುವ ವಿದ್ಯುತ್ ಚಕ್ರಗರಗಸ ರೂಪುಗೊಂಡದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, 1920ರ ದಶಕದಲ್ಲಿ. ಕಬ್ಬು ಕಡಿಯುವ ಮಚ್ಚಿಗೆ ಮೋಟರು ಜೋಡಿಸಲು ಯತ್ನಿಸುತ್ತಿದ್ದ ಫ್ರೆಂಚ್ ಮೂಲದ ಎಡ್ಮಂಡ್ ಮಿಶೆಲ್ ಆ ಪ್ರಯೋಗವನ್ನು ಮರ ಕೊಯ್ಯುವ ಕಡೆಗೆ ತಿರುಗಿಸಿದ. 1924ರಲ್ಲಿ ಜೋಸೆಫ್ ಸಲಿವನ್ ಜೊತೆಗೂಡಿ ಕಂಪನಿ ತೆರೆದ. ಅದು ಮುಂದೆ ಸ್ಕಿಲ್‌ಸಾ ಆಯಿತು. ಅಮೆರಿಕದ ಬಡಗಿಗಳು ಯಾವ ಕಂಪನಿಯ ಚಕ್ರಗರಗಸವನ್ನಾದರೂ ಸ್ಕಿಲ್‌ಸಾ ಎಂದೇ ಕರೆಯುವುದು ಇಂದಿಗೂ ಉಂಟು. ಬ್ಯಾಟರಿ ಕೂಡಿಕೊಂಡದ್ದು ಬಹಳ ತಡವಾಗಿ. ಬ್ಲ್ಯಾಕ್ ಅಂಡ್ ಡೆಕರ್ 1961ರಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು, ಜಪಾನಿನ ಮಕಿತಾ 1978ರಲ್ಲಿ 7.2 ವೋಲ್ಟಿನ ಡ್ರಿಲ್ಲನ್ನು ತಂದವು. ತೂತು ಕೊರೆಯಲು ಸಾಕಾಗುತ್ತಿದ್ದ ಆ ಶಕ್ತಿ ಹಲಗೆ ಸೀಳಲು ಸಾಲುತ್ತಿರಲಿಲ್ಲ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಕೋಶ ಕ್ಯಾಮೆರಾ, ಫೋನುಗಳನ್ನು ದಾಟಿ 2005ರ ಹೊತ್ತಿಗೆ ಮಿಲ್ವಾಕಿ, ಮಕಿತಾ ಕಂಪನಿಗಳ ದೊಡ್ಡ ಯಂತ್ರಗಳೊಳಗೆ ಬಂತು. ಬ್ಯಾಟರಿ ಗರಗಸ ನಿಜವಾದ ಅರ್ಥದಲ್ಲಿ ಕೆಲಸದ ಯಂತ್ರವಾದದ್ದು ಅಲ್ಲಿಂದೀಚೆಗೆ.

ಮಾರ್ಬಲ್ ಕಟ್ಟರಿನ ಪ್ರಶ್ನೆ: ಕರ್ನಾಟಕದ ಮರಗೆಲಸದಲ್ಲಿ ಈ ಯಂತ್ರಕ್ಕೆ ಎದುರಾಳಿ ತಂತಿಯ ಚಕ್ರಗರಗಸವಲ್ಲ, ಮಾರ್ಬಲ್ ಕಟ್ಟರ್. ಕಲ್ಲು, ಟೈಲ್ಸ್ ಕೊಯ್ಯಲೆಂದು ಮಾಡಿದ 4 ಇಂಚಿನ ಆ ಪುಟ್ಟ ಯಂತ್ರಕ್ಕೆ ಮರದ ಬ್ಲೇಡು ಹಾಕಿ ಅಡುಗೆಮನೆಯ ಕಪಾಟಿನಿಂದ ವಾರ್ಡ್‌ರೋಬಿನವರೆಗೆ ಎಲ್ಲ ಪ್ಲೈವುಡ್ಡನ್ನೂ ಕೊಯ್ಯುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಅಗ್ಗ, ಹಗುರ, ಯಾವ ಊರಲ್ಲೂ ರಿಪೇರಿಯಾಗುತ್ತದೆ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಅಪಾಯವನ್ನು ಲೆಕ್ಕ ಹಾಕಿ ನೋಡಬೇಕು. 110 ಮಿಮೀ ಬ್ಲೇಡು ನಿಮಿಷಕ್ಕೆ 13,000 ಸುತ್ತು ತಿರುಗಿದರೆ ಅದರ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 75 ಮೀಟರ್ ಓಡುತ್ತದೆ. 165 ಮಿಮೀ ಬ್ಲೇಡಿನ ಬ್ಯಾಟರಿ ಗರಗಸ 5,000 ಸುತ್ತು ತಿರುಗಿದರೆ ಆ ವೇಗ ಸುಮಾರು 43 ಮೀಟರ್. ಮೇಲಾಗಿ ಮಾರ್ಬಲ್ ಕಟ್ಟರಿನಲ್ಲಿ ಬ್ಲೇಡಿನ ಕೆಳಭಾಗ ಬೋಳು. ಚಕ್ರಗರಗಸದಲ್ಲಾದರೆ ಸ್ಪ್ರಿಂಗಿನ ಕೆಳಗಾರ್ಡು ಮರ ತಗಲಿದಾಗ ಹಿಂದೆ ಸರಿದು, ಕೊಯ್ತ ಮುಗಿದೊಡನೆ ಹಲ್ಲುಗಳನ್ನು ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಬ್ಯಾಟರಿ ಗರಗಸಗಳಲ್ಲಿ ಸ್ವಿಚ್ಚು ಬಿಟ್ಟ ಕೂಡಲೆ ಬ್ಲೇಡನ್ನು ತಡೆದು ನಿಲ್ಲಿಸುವ ವಿದ್ಯುತ್ ಬ್ರೇಕೂ ಇರುತ್ತದೆ. ಕಾಲ ಪಕ್ಕದಲ್ಲಿ ಇನ್ನೂ ತಿರುಗುತ್ತಿರುವ ಬೋಳು ಬ್ಲೇಡನ್ನು ಇಟ್ಟುಕೊಂಡು ದಿನವಿಡೀ ಕುಕ್ಕರುಗಾಲಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಬೆಲೆಯ ಅಂತರವನ್ನು ಬೆರಳಿನ ಪಕ್ಕದಲ್ಲಿಟ್ಟು ತೂಗಬೇಕು.

ಬ್ಲೇಡಿನ ಅಳತೆ: ಕೊಯ್ಯಬೇಕಾದ ಮರದ ದಪ್ಪವೇ ಬ್ಲೇಡನ್ನು ನಿರ್ಧರಿಸುತ್ತದೆ. 18 ವೋಲ್ಟಿನ ಬಳಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 165 ಮಿಮೀ, ಅಂದರೆ ಆರೂವರೆ ಇಂಚಿನ ಬ್ಲೇಡು. ಇದು ನೆಟ್ಟಗೆ ಸುಮಾರು 57 ಮಿಮೀ ಆಳ ಇಳಿಯುತ್ತದೆ. ಬಾಷ್ ತನ್ನ ಜಿಕೆಎಸ್ 18ವಿ-57 ಮಾದರಿಯ ಹೆಸರಿನಲ್ಲೇ ಈ ಅಳತೆಯನ್ನು ಇಟ್ಟಿದೆ. 19 ಮಿಮೀ ಪ್ಲೈವುಡ್ಡಿಗೆ ಇದು ಸಾಕು ಮಾತ್ರವಲ್ಲ, ಎರಡು ಹಾಳೆ ಜೋಡಿಸಿ ಕೊಯ್ಯಲೂ ಸಾಕು. ಹಂಚಿನ ಮಾಡಿಗೆ ಬೇಕಾದ ರೀಪು, 2 ಇಂಚು ದಪ್ಪದ ಪಕ್ಕಾಸುಗಳನ್ನೂ ಅಡ್ಡಕ್ಕೆ ಒಂದೇ ಏಟಿಗೆ ತುಂಡರಿಸುತ್ತದೆ. ತೊಡಕು ಬರುವುದು ಓರೆ ಕೊಯ್ತದಲ್ಲಿ. ಬ್ಲೇಡನ್ನು 45 ಡಿಗ್ರಿಗೆ ವಾಲಿಸಿದರೆ ಆಳ ಸುಮಾರು 40 ಮಿಮೀಗೆ ಇಳಿಯುವುದರಿಂದ ಅದೇ ಪಕ್ಕಾಸಿನಲ್ಲಿ ಒಂದು ಬೆರಳಗಲದಷ್ಟು ಕೊಯ್ಯದೆ ಉಳಿಯುತ್ತದೆ. ಮಾಡಿನ ಕೆಲಸವೇ ಮುಖ್ಯವಾದವರು 185 ಅಥವಾ 190 ಮಿಮೀ ಬ್ಲೇಡಿನ ಯಂತ್ರ ನೋಡಬೇಕು. ಅದರ ತೂಕವೂ ಕರೆಂಟಿನ ಹಸಿವೂ ಹೆಚ್ಚು. 3 ಇಂಚು ದಪ್ಪದ ಬಾಗಿಲ ದಾರಂದಕ್ಕೆ ಇವೆರಡೂ ಒಂದೇ ಸಲಕ್ಕೆ ಸಾಲವು. ಒಂದು ಮಗ್ಗುಲಿಂದ ಕೊಯ್ದು, ಮಗುಚಿ, ಇನ್ನೊಂದು ಮಗ್ಗುಲಿಂದ ಗೆರೆ ಕೂಡಿಸಬೇಕಾಗುತ್ತದೆ. ಬರೀ ಫಾಲ್ಸ್ ಸೀಲಿಂಗ್ ಪಟ್ಟಿ, ತೆಳು ಹಲಗೆಗಳ ಕೆಲಸಕ್ಕೆ 136 ಮಿಮೀಯ ಪುಟ್ಟ ಗರಗಸವೂ ಇದೆ.

ಬ್ಲೇಡು ಯಂತ್ರದ ಯಾವ ಪಕ್ಕದಲ್ಲಿದೆ ಎಂಬುದನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಬೇಕು. ಬಲಗೈಯವರಿಗೆ ಎಡಪಕ್ಕದ ಬ್ಲೇಡಿದ್ದರೆ ಪೆನ್ಸಿಲ್ ಗೆರೆ ನೇರವಾಗಿ ಕಾಣುತ್ತದೆ. ಬಲಪಕ್ಕದಲ್ಲಿದ್ದರೆ ಯಂತ್ರದ ಮೇಲೆ ಬಾಗಿ ಇಣುಕಬೇಕು. ಮೋಟರು ಬ್ರಷ್‌ಲೆಸ್ ಆಗಿರಲಿ. ಕಾರ್ಬನ್ ಬ್ರಷ್ ಉಜ್ಜಾಟದಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಬ್ಯಾಟರಿಯಿಂದಲೇ ಬಂದದ್ದಾದ್ದರಿಂದ, ತಂತಿಯ ಯಂತ್ರದಲ್ಲಿ ಲೆಕ್ಕಕ್ಕಿಲ್ಲದ ಈ ಪೋಲು ಇಲ್ಲಿ ಭಾರವಾಗುತ್ತದೆ.

ಬ್ಯಾಟರಿಯ ಲೆಕ್ಕ: 18 ವೋಲ್ಟಿನ ಪ್ಯಾಕೊಳಗೆ 3.6 ವೋಲ್ಟಿನ ಐದು ಲಿಥಿಯಂ ಕೋಶಗಳು ಒಂದರ ಹಿಂದೊಂದು ಜೋಡಣೆಗೊಂಡಿರುತ್ತವೆ. ಪೂರ್ತಿ ಚಾರ್ಜಾದಾಗ ಅದೇ ಕೋಶ 4 ವೋಲ್ಟ್ ದಾಟುವುದರಿಂದ ಕೆಲವು ಕಂಪನಿಗಳು ಅದನ್ನೇ 20 ವೋಲ್ಟ್ ಎಂದು ಮುದ್ರಿಸುತ್ತವೆ. ಹೆಸರಿನ ಈ ಎರಡು ವೋಲ್ಟಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ, ಎರಡೂ ಒಂದೇ. ನೋಡಬೇಕಾದದ್ದು ಆಂಪಿಯರ್-ಗಂಟೆ ಮತ್ತು ಅದರ ಹಿಂದಿರುವ ಕೋಶಗಳ ಸಂಖ್ಯೆ. 2 ಆಂಪಿಯರ್-ಗಂಟೆಯ ಚಿಕ್ಕ ಪ್ಯಾಕಿನಲ್ಲಿ ಐದು ಕೋಶಗಳ ಒಂದೇ ಸಾಲು. 5 ಆಂಪಿಯರ್-ಗಂಟೆಯ ಪ್ಯಾಕಿನಲ್ಲಿ ಸಾಮಾನ್ಯವಾಗಿ ಎರಡು ಸಾಲು, ಒಟ್ಟು ಹತ್ತು ಕೋಶ.

ಗಟ್ಟಿಮರ ಸೀಳುವಾಗ ಗರಗಸ 900 ವ್ಯಾಟ್ ಬೇಡಿತೆನ್ನೋಣ. 18 ವೋಲ್ಟಿನಲ್ಲಿ ಅದು 50 ಆಂಪಿಯರ್. ಎರಡು ಸಾಲಿದ್ದರೆ ಪ್ರತಿ ಕೋಶದ ಹೆಗಲಿಗೆ 25 ಆಂಪಿಯರ್. ಒಂದೇ ಸಾಲಿದ್ದರೆ ಪೂರ್ತಿ ಐವತ್ತೂ ಅದರ ಮೇಲೆಯೇ. ಆಗ ವೋಲ್ಟೇಜು ಕುಸಿಯುತ್ತದೆ, ಬ್ಲೇಡು ನಿಧಾನವಾಗುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಪ್ಯಾಕಿನ ರಕ್ಷಣಾ ಸರ್ಕಿಟ್ಟು ಯಂತ್ರವನ್ನು ನಿಲ್ಲಿಸುತ್ತದೆ. ಎಷ್ಟೋ ಜನ ಇದನ್ನು ಗರಗಸದ ದೋಷವೆಂದು ತಿಳಿದು ಯಂತ್ರವನ್ನೇ ಮಾರಿಬಿಡುತ್ತಾರೆ. ದೋಷ ಕಿಟ್ಟಿನ ಜೊತೆ ಬಂದ ಚಿಕ್ಕ ಬ್ಯಾಟರಿಯದು. ಗರಗಸಕ್ಕೆ 4 ಆಂಪಿಯರ್-ಗಂಟೆಗಿಂತ ಕಡಿಮೆಯ ಸಾಧಾರಣ ಪ್ಯಾಕನ್ನು ನಂಬಬಾರದು. 18 ಮಿಮೀ ವ್ಯಾಸ, 65 ಮಿಮೀ ಉದ್ದದ ಹಳೆಯ 18650 ಕೋಶಕ್ಕಿಂತ 21 ಮಿಮೀ ವ್ಯಾಸದ 21700 ಕೋಶವಿರುವ ಪ್ಯಾಕು ಭಾರೀ ಕರೆಂಟನ್ನು ಸಾಮಾನ್ಯವಾಗಿ ಹೆಚ್ಚು ಸಲೀಸಾಗಿ ಕೊಡುತ್ತದೆ.

18 ವೋಲ್ಟನ್ನು 5 ಆಂಪಿಯರ್-ಗಂಟೆಯಿಂದ ಗುಣಿಸಿದರೆ 90 ವ್ಯಾಟ್-ಗಂಟೆ. ಅದೇ 900 ವ್ಯಾಟ್ ಹೊರೆಗೆ ಇದು ಬಾಳುವುದು ಆರೇ ನಿಮಿಷ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಯಾರೂ ಆರು ನಿಮಿಷ ಒಂದೇ ಸಮನೆ ಕೊಯ್ಯುವುದಿಲ್ಲ. ಎಂಟಡಿ ಹಾಳೆಯನ್ನು ಸೀಳಲು ಅರ್ಧ ನಿಮಿಷವೆಂದರೂ ಹನ್ನೆರಡು ಕೊಯ್ತವಾಯಿತು. ಪ್ಲೈವುಡ್ಡು ಅಷ್ಟು ಶಕ್ತಿ ಬೇಡುವುದೂ ಇಲ್ಲ. ಒಂದು ಪ್ಯಾಕು ಕೆಲಸದಲ್ಲಿ, ಇನ್ನೊಂದು ಚಾರ್ಜಿನಲ್ಲಿ ಎಂಬ ಸರದಿಯಲ್ಲಿ ಎರಡು ಪ್ಯಾಕಿದ್ದರೆ ಮನೆಗೆಲಸದ ಮಟ್ಟಿಗೆ ದಿನ ಸಾಗುತ್ತದೆ. ಬೆಳಗಿನಿಂದ ಸಂಜೆವರೆಗೆ ಗಟ್ಟಿಮರವನ್ನೇ ಸೀಳುವ ಕಾರ್ಖಾನೆಗೆ ಇದು ಹೊಂದದು. ಅಲ್ಲಿ ತಂತಿಯ ಯಂತ್ರವೇ ಸರಿ. ಕರೆಂಟಿನ ಸಂಪರ್ಕ ಇನ್ನೂ ಸಿಗದ ಹೊಸ ಕಟ್ಟಡ, ಮನೆಯಿಂದ ದೂರದ ಅಡಿಕೆ ತೋಟದ ಶೆಡ್ಡು, ಮಾಡಿನ ಮೇಲೆ ನಿಂತು ಮಾಡುವ ಕೆಲಸ, ಇಂಥ ಕಡೆ ಬ್ಯಾಟರಿ ಗರಗಸಕ್ಕೆ ಸಾಟಿಯಿಲ್ಲ.

36 ವೋಲ್ಟಿನ ಬಳಗಗಳಲ್ಲಿ ಅದೇ ಶಕ್ತಿಗೆ ಅರ್ಧ ಕರೆಂಟು ಸಾಕು. ಅಷ್ಟೇ ರೋಧವಿರುವ ದಾರಿಯಲ್ಲಿ ಕರೆಂಟು ಅರ್ಧವಾದರೆ ಬಿಸಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದೊಡ್ಡ ಗರಗಸಗಳು ಆ ಕಡೆ ಹೊರಳುತ್ತಿರುವುದಕ್ಕೆ ಇದೇ ಕಾರಣ.

ಬಳಗದ ಆಯ್ಕೆ: ಒಂದು ಕಂಪನಿಯ ಪ್ಯಾಕು ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಒಂದೇ ಕಂಪನಿಯೊಳಗೂ ಗೋಡೆಗಳಿವೆ. ಬಾಷ್‌ನ ಹಸಿರು ಬಣ್ಣದ ಮನೆಬಳಕೆಯ 18 ವೋಲ್ಟ್ ಪ್ಯಾಕು ನೀಲಿ ಬಣ್ಣದ ವೃತ್ತಿಪರ ಯಂತ್ರಕ್ಕೆ ಹೊಂದದು. ಮಕಿತಾದ 40 ವೋಲ್ಟಿನ ಎಕ್ಸ್‌ಜಿಟಿ ಪ್ಯಾಕು ಅದರದೇ 18 ವೋಲ್ಟಿನ ಎಲ್‌ಎಕ್ಸ್‌ಟಿ ಯಂತ್ರಕ್ಕೆ ಹೋಗದು. ಆದರೆ ಎಲ್‌ಎಕ್ಸ್‌ಟಿಯಲ್ಲೇ ಎರಡು ಪ್ಯಾಕು ಸೇರಿಸಿ 36 ವೋಲ್ಟ್ ಮಾಡಿಕೊಳ್ಳುವ ಗರಗಸಗಳಿವೆ. ಡಿವಾಲ್ಟ್ 2016ರಲ್ಲಿ ತಂದ ಫ್ಲೆಕ್ಸ್‌ವೋಲ್ಟ್ ಪ್ಯಾಕು ಯಂತ್ರಕ್ಕೆ ತಕ್ಕಂತೆ ಒಳಜೋಡಣೆ ಬದಲಿಸಿ 18 ವೋಲ್ಟನ್ನೂ 54 ವೋಲ್ಟನ್ನೂ ಕೊಡಬಲ್ಲದು. ಗೋಡೆ ಒಡೆಯುವ ಪ್ರಯತ್ನಗಳೂ ನಡೆದಿವೆ: ಜರ್ಮನಿಯ ಮೆಟಾಬೊ 2018ರಲ್ಲಿ ಹಲವು ಕಂಪನಿಗಳನ್ನು ಸಿಎಎಸ್ ಎಂಬ ಒಂದೇ ಪ್ಯಾಕಿನಡಿ ತಂದಿತು, ಬಾಷ್‌ನ ಆಂಪ್‌ಶೇರ್ ಅದೇ ಬಗೆಯ ಒಪ್ಪಂದ. ಪ್ಯಾಕಿನ ಆಕಾರವನ್ನು ಕಂಪನಿ ಎಷ್ಟು ವರ್ಷ ಬದಲಿಸದೆ ಉಳಿಸಿಕೊಂಡಿದೆ ಎಂಬುದು ಒಳ್ಳೆಯ ಅಳತೆಗೋಲು. ರಿಯೋಬಿಯ ಒನ್ ಪ್ಲಸ್ 1996ರಿಂದ ಅದೇ ಆಕಾರದಲ್ಲಿ ಸಾಗಿ ಬಂದಿದ್ದು, ನಿಕಲ್ ಕಾಲದ ಯಂತ್ರಕ್ಕೂ ಇಂದಿನ ಲಿಥಿಯಂ ಪ್ಯಾಕು ಕೂರುತ್ತದೆ.

ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಪ್ಯಾಕು ಸತ್ತಾಗ ಹೊಸ ಅಸಲಿ ಪ್ಯಾಕು ಹತ್ತಿರದ ಪೇಟೆಯಲ್ಲಿ ಸಿಗುವುದೋ ಎಂಬುದು. ಬೆಂಗಳೂರಿನಲ್ಲಿ ಸಿಗುವ ಬಳಗಕ್ಕೆ ಹಾವೇರಿಯಲ್ಲಿ ಸರ್ವಿಸ್ ಇಲ್ಲದಿದ್ದರೆ ಹಾವೇರಿಯವರಿಗೆ ಅದು ಒಳ್ಳೆಯ ಬಳಗವಲ್ಲ. ಬ್ಯಾಟರಿಯಿಲ್ಲದೆ ಬರೀ ಯಂತ್ರವನ್ನು ಮಾರುವ ಬೇರ್ ಟೂಲ್ ಬೆಲೆ ನೋಡಿ ಮರುಳಾಗದೆ, ಎರಡು ದೊಡ್ಡ ಪ್ಯಾಕು, ಒಂದು ಚಾರ್ಜರು ಸೇರಿಸಿ ಮೊತ್ತ ಕೂಡಿಸಬೇಕು. ಅಗ್ಗದ ನಕಲಿ ಪ್ಯಾಕು ಮತ್ತು ಒಂದು ಕಂಪನಿಯ ಪ್ಯಾಕನ್ನು ಇನ್ನೊಂದಕ್ಕೆ ಸಿಕ್ಕಿಸುವ ಅಡಾಪ್ಟರುಗಳಿಂದ ದೂರವಿರುವುದೇ ಕ್ಷೇಮ. ಕೆಲವು ಬಳಗಗಳಲ್ಲಿ ಬ್ಯಾಟರಿ ಬರಿದಾಗುವ ಮುನ್ನ ತಡೆಯುವ ಸರ್ಕಿಟ್ಟು ಪ್ಯಾಕಿನಲ್ಲಿಲ್ಲ, ಯಂತ್ರದಲ್ಲಿದೆ. ಅಂಥ ಪ್ಯಾಕನ್ನು ಪರಕೀಯ ಯಂತ್ರಕ್ಕೆ ಹಾಕಿದರೆ ತಡೆಯುವವರೇ ಇಲ್ಲದೆ ಕೋಶಗಳು ಕೆಡುತ್ತವೆ.

ಬಳಕೆ ಮತ್ತು ಜೋಪಾನ: ಹೆಚ್ಚು ಹಲ್ಲಿನ ಬ್ಲೇಡು ನಯವಾಗಿ, ಕಡಿಮೆ ಹಲ್ಲಿನದು ವೇಗವಾಗಿ ಕೊಯ್ಯುತ್ತದೆ. ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈವುಡ್ಡಿಗೆ 40 ಅಥವಾ ಅದಕ್ಕಿಂತ ಹೆಚ್ಚು. ತೆಳು ಬ್ಲೇಡು ಕಡಿಮೆ ಮರವನ್ನು ಪುಡಿ ಮಾಡುವುದರಿಂದ ಬ್ಯಾಟರಿಯೂ ಉಳಿಯುತ್ತದೆ. ಮೊಂಡು ಬ್ಲೇಡು ಹಾಕಿಕೊಂಡು ದೊಡ್ಡ ಪ್ಯಾಕು ಕೊಳ್ಳುವುದು ದಂಡ. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುವ ಕಾರಣ ಹಲಗೆಯ ಮೇಲಿನ ಮುಖದಲ್ಲಿ ಚೂರು ಏಳುತ್ತದೆ. ಆದ್ದರಿಂದ ಮೈಕಾ ಅಂಟಿಸಿದ ಮುಖ ಯಾವಾಗಲೂ ಕೆಳಗಿರಬೇಕು. ಬ್ಲೇಡಿನ ಆಳವನ್ನು ಮರದ ದಪ್ಪಕ್ಕಿಂತ ಒಂದು ಹಲ್ಲಿನಷ್ಟೇ ಹೆಚ್ಚಿಡಬೇಕು. ಕೊಯ್ದ ಸಂದು ಬ್ಲೇಡನ್ನು ಹಿಸುಕಿದರೆ ಯಂತ್ರ ಹಿಂದಕ್ಕೆ, ಹಿಡಿದವರ ಮೈಮೇಲೆ ಒದೆಯುತ್ತದೆ. ಹಸಿಮರದಲ್ಲಿ, ಎರಡು ಸ್ಟೂಲುಗಳ ನಡುವೆ ಜೋತುಬಿದ್ದ ಹಲಗೆಯಲ್ಲಿ ಇದು ಹೆಚ್ಚು. ತುಂಡಾಗಿ ಬೀಳುವ ಭಾಗ ಸಲೀಸಾಗಿ ಬೀಳುವಂತೆ ಆಸರೆ ಕೊಡಬೇಕು, ಬ್ಲೇಡಿನ ನೇರಕ್ಕೆ ನಿಲ್ಲಬಾರದು. ಕೆಳಗಾರ್ಡಿಗೆ ಚಕ್ಕೆ ಸಿಕ್ಕಿಸಿ ತೆರೆದಿಡುವ ಅಭ್ಯಾಸವನ್ನು ಯಾವ ಮೇಸ್ತ್ರಿಯೂ ಕಲಿಯಲು ಬಂದ ಹುಡುಗನಿಗೆ ತೋರಿಸಿಕೊಡಬಾರದು. ಬ್ಲೇಡು ಬದಲಿಸುವ ಮುನ್ನ ಪ್ಯಾಕು ಯಂತ್ರದಿಂದ ಹೊರಗೆ ಬಂದಿರಬೇಕು.

ಲಿಥಿಯಂ ಕೋಶಕ್ಕೆ ಬಿಸಿಯೇ ಶತ್ರು. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಪ್ಯಾಕನ್ನು ಬಿಸಿಲಿನ ಕಾರಿನಲ್ಲಿ ಬಿಡುವುದು, ಕೊಯ್ತ ಮುಗಿದೊಡನೆ ಬಿಸಿ ಪ್ಯಾಕನ್ನು ಚಾರ್ಜಿಗೆ ಹಾಕುವುದು ಅದರ ಆಯುಸ್ಸನ್ನು ತಿನ್ನುತ್ತವೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ನೆರಳಲ್ಲಿಡಬೇಕು. ಗಲ್ಫಿನಿಂದ ಊರಿಗೆ ಬರುವ ಕರಾವಳಿಯವರು ಯಂತ್ರ ತರುವುದುಂಟು. ಬಿಡಿ ಪ್ಯಾಕನ್ನು ವಿಮಾನದ ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲೇ ತರಬೇಕು. 100 ವ್ಯಾಟ್-ಗಂಟೆಯವರೆಗೆ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 5 ಆಂಪಿಯರ್-ಗಂಟೆಯ 18 ವೋಲ್ಟ್ ಪ್ಯಾಕು 90 ಆಗುವುದರಿಂದ ದಾಟುತ್ತದೆ, 6ರದ್ದು 108 ಆಗಿ ಒಪ್ಪಿಗೆ ಕೇಳುತ್ತದೆ. ಅಮೆರಿಕದಿಂದ ತಂದದ್ದಾದರೆ ಅಲ್ಲಿನ 120 ವೋಲ್ಟಿನ ಚಾರ್ಜರನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಬಾರದು. ಅದೇ ಬಳಗದ ಚಾರ್ಜರನ್ನು ಇಲ್ಲೇ ಕೊಳ್ಳಬೇಕು. ಉಬ್ಬಿದ, ಬಿದ್ದು ಬಿರುಕುಬಿಟ್ಟ ಪ್ಯಾಕನ್ನು ಮತ್ತೆ ಚಾರ್ಜಿಗೆ ಹಾಕುವುದಾಗಲಿ ಗುಜರಿಗೆ ಎಸೆಯುವುದಾಗಲಿ ಬೆಂಕಿಗೆ ದಾರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಅಂಥ ಪ್ಯಾಕನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಪ್ಪಿಸಬೇಕು.