ವಿಜಯಪುರ ಸೀಮೆಯ ತಾಂಡಾಗಳು

ವಿಜಯಪುರ ನಗರದಿಂದ ತೊರವಿ ದಾಟಿ ತಿಕೋಟಾದತ್ತ ಹೋಗುವ ರಸ್ತೆ, ನೈರುತ್ಯದಲ್ಲಿ ಬಬಲೇಶ್ವರದತ್ತ ಇಳಿಯುವ ರಸ್ತೆ, ಎರಡರ ಆಚೀಚೆಗೂ ಊರುಗಳಿಂದ ಕೂಗಳತೆಯ ದೂರದಲ್ಲಿ ಲಂಬಾಣಿ ತಾಂಡಾಗಳಿವೆ. ಈ ಭಾಗದಲ್ಲಿ ಊರಿನ ಹೆಸರಿನ ಮುಂದೆ ‘ಎಲ್.ಟಿ.’ ಎಂದು ಬರೆದಿದ್ದರೆ ಅದು ಲಮಾಣಿ ತಾಂಡಾ ಎಂದರ್ಥ. ಸೋಮದೇವರಹಟ್ಟಿ, ಜಾಲಗೇರಿ ಮೊದಲಾದ ಊರುಗಳ ಹೆಸರನ್ನೇ ಅವುಗಳ ಪಕ್ಕದ ತಾಂಡಾಗಳೂ ಹೊತ್ತಿವೆ. ಉತ್ತರ ಕರ್ನಾಟಕದ ಜನ ಈ ತಾಂಡಾಗಳ ಲಂಬಾಣಿಗರನ್ನು ಲಮಾಣಿಗರು ಎನ್ನುತ್ತಾರೆ. ಬಂಜಾರ, ಲಂಬಾಡಿ, ಸುಗಾಲಿ ಎಂಬ ಹೆಸರುಗಳು ಬೇರೆ ಬೇರೆ ಸೀಮೆಗಳಲ್ಲಿ ಬಳಕೆಯಲ್ಲಿವೆ. ಅವರು ಮಾತ್ರ ತಮ್ಮನ್ನು ‘ಗೋರ್’ ಎಂದೂ ತಮ್ಮವರಲ್ಲದವರನ್ನು ‘ಕೋರ್’ ಎಂದೂ ಕರೆಯುತ್ತಾರೆ. ಲಮಾಣಿ ಎಂಬ ಹೆಸರನ್ನು ಲವಣ, ಅಂದರೆ ಉಪ್ಪಿನೊಂದಿಗೂ ಬಂಜಾರ ಎಂಬುದನ್ನು ವಾಣಿಜ್ಯದೊಂದಿಗೂ ಜೋಡಿಸುವ ವಿವರಣೆ ಪ್ರಚಲಿತವಾಗಿದೆ. ಶತಮಾನಗಳ ಕಾಲ ಈ ಜನರ ಕಸುಬು ಉಪ್ಪು ಮತ್ತು ಧಾನ್ಯದ ಸಾಗಣೆಯೇ ಆಗಿದ್ದುದರಿಂದ ಎರಡು ಹೆಸರೂ ಅವರ ಚರಿತ್ರೆಗೆ ಒಪ್ಪುತ್ತವೆ.

ಲಂಬಾಣಿಗರ ಮೂಲ ನೆಲೆ ರಾಜಸ್ಥಾನದ ಕಡೆಯದೆಂಬುದಕ್ಕೆ ಅವರ ಭಾಷೆಯೇ ದೊಡ್ಡ ಸಾಕ್ಷಿ. ಗೋರ್‌ಬೋಲಿ ಎನ್ನಲಾಗುವ ಅದು ದ್ರಾವಿಡ ನುಡಿಯಲ್ಲ. ರಾಜಸ್ಥಾನಿ ಗುಂಪಿಗೆ ಸೇರಿದ ಇಂಡೋ-ಆರ್ಯನ್ ನುಡಿ. ಸಮುದಾಯದಲ್ಲಿ ರಾಠೋಡ, ಪವಾರ, ಚವ್ಹಾಣ, ಜಾಧವ (ವಡತ್ಯಾ) ಎಂಬ ಮುಖ್ಯ ಕುಲಗಳಿವೆ. ಚವ್ಹಾಣರಲ್ಲಿ 6, ಪವಾರರಲ್ಲಿ 12, ರಾಠೋಡರಲ್ಲಿ 27 ಪಾಡಾಗಳು, ಅಂದರೆ ಉಪಕುಲಗಳು, ಎಂಬ ಲೆಕ್ಕವನ್ನು ಹಿರಿಯರು ಬಾಯಿಪಾಠವಾಗಿ ಹೇಳುತ್ತಾರೆ. ಒಂದೇ ಕುಲದೊಳಗೆ ಮದುವೆ ಇಲ್ಲ. ಆದ್ದರಿಂದ ಸಂಬಂಧ ಕುದುರಿಸುವಾಗ ಮೊದಲು ಕೇಳುವ ಪ್ರಶ್ನೆಯೇ ಕುಲ ಮತ್ತು ಪಾಡಾ ಯಾವುದು ಎಂಬುದು.

17ನೆಯ ಶತಮಾನದ ಪ್ರವಾಸಿಗಳ ಬರಹಗಳಲ್ಲಿ ಬಂಜಾರರ ಚಿತ್ರ ಸ್ಪಷ್ಟವಾಗಿ ಸಿಗುತ್ತದೆ. ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ 1632ರಲ್ಲಿ ಉತ್ತರ ಭಾರತದ ಹಾದಿಯಲ್ಲಿ ಧಾನ್ಯ ಹೊತ್ತ 14,000 ಎತ್ತುಗಳ ಒಂದೇ ತಾಂಡಾವನ್ನು ಕಂಡ. ಹೆಂಡತಿ, ಮಕ್ಕಳು, ಮನೆಸಾಮಾನು ಎಲ್ಲವೂ ಆ ಎತ್ತುಗಳ ಜೊತೆಯಲ್ಲೇ ಸಾಗುತ್ತಿದ್ದವು. ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಎದುರಾದರೆ ಹಾದಿಯೇ ಕಟ್ಟಿಹೋಗುತ್ತಿತ್ತೆಂದು ಬರೆದಿದ್ದಾನೆ. ಅವನ ಪ್ರಕಾರ ಈ ಸಾಗಣೆದಾರರಲ್ಲಿ ನಾಲ್ಕು ಪಂಗಡಗಳು: ಒಂದು ಗೋದಿ ಮುಂತಾದ ಕಾಳು ಸಾಗಿಸಿದರೆ, ಉಳಿದವು ಅಕ್ಕಿ, ಬೇಳೆ ಮತ್ತು ಉಪ್ಪನ್ನು ಸಾಗಿಸುತ್ತಿದ್ದವು. ‘ತಾಂಡಾ’ ಎಂಬ ಮಾತಿಗೆ ಆಗ ಊರು ಎಂಬ ಅರ್ಥವಿರಲಿಲ್ಲ. ಹೇರೆತ್ತುಗಳೊಡನೆ ನಡೆಯುವ ಮಂದಿಯೇ ತಾಂಡಾ.

ಈ ಸಾಗಣೆಗೆ ತನ್ನದೇ ಕ್ರಮವಿತ್ತು. ಎತ್ತಿನ ಬೆನ್ನಿನ ಎರಡೂ ಬದಿಗೆ ಇಳಿಬೀಳುವ ಗೋಣಿಗಳಲ್ಲಿ ಧಾನ್ಯ ತುಂಬುತ್ತಿದ್ದರು. ಎತ್ತುಗಳು ದಾರಿಯುದ್ದಕ್ಕೂ ಮೇಯುತ್ತ ನಡೆಯಬೇಕಾದ್ದರಿಂದ ದಿನದ ಪಯಣ ಸುಮಾರು 10 ಕಿ.ಮೀ. ದಾಟುತ್ತಿರಲಿಲ್ಲ. ಮೇವಿಗೆ ಖರ್ಚಿಲ್ಲದ ಕಾರಣಕ್ಕೇ ಈ ಸಾಗಣೆ ಅಗ್ಗವಾಗಿತ್ತು. ಗಾಲಿ ಓಡದ ಘಟ್ಟದ ಹಾದಿಯಲ್ಲೂ ಎತ್ತು ಹತ್ತುತ್ತಿದ್ದುದರಿಂದ ಕೊಂಕಣದ ಉಪ್ಪು ಬಯಲುಸೀಮೆಗೆ ಬರುತ್ತಿತ್ತು, ಬಯಲಿನ ಕಾಳು ಕೆಳಗೆ ಇಳಿಯುತ್ತಿತ್ತು. ರಾತ್ರಿ ಬಿಡಾರ ಹೂಡಿದಲ್ಲಿ ಮೂಟೆಗಳನ್ನೇ ಗೋಡೆಯಂತೆ ಒಟ್ಟಿ, ನಾಯಿಗಳನ್ನು ಕಾವಲಿಗೆ ಬಿಟ್ಟು, ಅದರೊಳಗೆ ಜನ ಮಲಗುತ್ತಿದ್ದರು. ಕೆಲವು ತಾಂಡಾಗಳಲ್ಲಿ ‘ಹಟಾಡಿಯಾ’ ಎಂಬ ದೇವರ ಎತ್ತು ಇರುತ್ತಿತ್ತು. ಅದಕ್ಕೆ ಹೇರು ಹಾಕುತ್ತಿರಲಿಲ್ಲ, ಸಿಂಗರಿಸಿ ಪೂಜಿಸುತ್ತಿದ್ದರು. ತಾಂಡಾದ ಮುಂದಾಳು ನಾಯಕ. ಯಾವ ಹಾದಿ, ಯಾವ ಸಂತೆ, ಯಾವ ಧಣಿಯ ಸರಕು ಎಂಬುದನ್ನು ತೀರ್ಮಾನಿಸುತ್ತಿದ್ದವನು ಅವನೇ.

ದಖ್ಖನಿನ ಬಂಜಾರರ ಪರಂಪರಾಗತ ಕಥನದಲ್ಲಿ ವಿಜಯಪುರಕ್ಕೆ, ಅಂದರೆ ಅಂದಿನ ಬಿಜಾಪುರಕ್ಕೆ, ಮುಖ್ಯ ಸ್ಥಾನವಿದೆ. ಮುಹಮ್ಮದ್ ಆದಿಲ್ ಶಾಹನ (1627–1656) ಆಳ್ವಿಕೆಯಲ್ಲಿ, 1631–32ರ ಹೊತ್ತಿಗೆ, ಶಾಹಜಹಾನನ ಸೇನಾಪತಿ ಆಸಫ್ ಖಾನ್ ಈ ನಗರಕ್ಕೆ ಮುತ್ತಿಗೆ ಹಾಕಿದ. ಅವನ ದಂಡಿಗೆ ಕಾಳು ಒದಗಿಸಲು ಭಂಗಿ, ಜಂಗಿ ಎಂಬ ರಾಠೋಡ ನಾಯಕರು 1,80,000 ಎತ್ತುಗಳೊಂದಿಗೆ, ಭಗವಾನದಾಸನೆಂಬ ವಡತ್ಯಾ ನಾಯಕ 52,000 ಎತ್ತುಗಳೊಂದಿಗೆ ದಕ್ಷಿಣಕ್ಕೆ ಬಂದರೆಂದು ಬಂಜಾರರ ಪರಂಪರೆ ಹೇಳುತ್ತದೆ. ನೀರು, ಹುಲ್ಲು ಎಲ್ಲಿ ಸಿಕ್ಕರೂ ಬಳಸುವ ಹಕ್ಕನ್ನು ಈ ನಾಯಕರಿಗೆ ತಾಮ್ರಪಟದ ಮೇಲೆ ಬರೆದುಕೊಟ್ಟಿದ್ದರೆಂಬ ನೆನಪನ್ನು 19ನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳು ದಾಖಲಿಸಿದ್ದಾರೆ. ಎತ್ತುಗಳ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಿಲ್ಲ. ದಂಡಿನ ಬಲ ಕಾಳಿನ ಮೇಲೆ ನಿಂತಿತ್ತೆಂಬುದನ್ನು ಮಾತ್ರ ಆ ಮುತ್ತಿಗೆಯೇ ತೋರಿಸಿತು. ದಖ್ಖನಿನಲ್ಲಿ ಅದು ಘೋರ ಬರದ ಕಾಲ. ನಗರದ ಸುತ್ತಲಿನ ಸೀಮೆಯಲ್ಲಿ ಕಾಳೂ ಮೇವೂ ಸಿಗದಂತೆ ಬಿಜಾಪುರದವರು ಮಾಡಿದ್ದರು. ಕೋಟೆಯನ್ನು ಒಡೆಯಲಾಗದೆ, ದಂಡಿಗೆ ಅನ್ನವಿಲ್ಲದೆ ಆಸಫ್ ಖಾನ್ ಕೆಲವೇ ವಾರಗಳಲ್ಲಿ ಹಿಂದಿರುಗಿದ.

ಅರ್ಧ ಶತಮಾನದ ನಂತರ ಅದೇ ಪಾಠ ಮತ್ತೆ ಎದುರಾಯಿತು. 1685ರ ಏಪ್ರಿಲ್‌ನಲ್ಲಿ ಆರಂಭವಾದ ಔರಂಗಜೇಬನ ಮುತ್ತಿಗೆಯಲ್ಲಿ ರಾಜಕುಮಾರ ಆಜಮನ ಪಾಳೆಯ ಹಸಿವಿನಿಂದ ತತ್ತರಿಸಿತು. ಮೊಗಲ ಸೇನಾನಿ ಫಿರೋಜ್ ಜಂಗ್ ಕಾವಲಿನೊಂದಿಗೆ ಧಾನ್ಯ ತಲುಪಿಸಿದ ಮೇಲೆಯೇ ಮುತ್ತಿಗೆ ಉಳಿದುಕೊಂಡಿತು. 1686ರ ಸೆಪ್ಟೆಂಬರ್‌ನಲ್ಲಿ ಬಿಜಾಪುರದ ಸುಲ್ತಾನ ಸಿಕಂದರ್ ಆದಿಲ್ ಶಾಹ ಶರಣಾದ. ಗೆದ್ದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಮೊಗಲ ದಂಡುಗಳಿಗೆ ಕಾಲಕಾಲಕ್ಕೆ ಕಾಳು ಮುಟ್ಟಿಸುತ್ತಿದ್ದ ಬಂಜಾರರಲ್ಲಿ ಬೆರಳೆಣಿಕೆಯ ನಾಯಕರ ಹೆಸರುಗಳಷ್ಟೇ ಉಳಿದವು. ರಾಜರು ಬದಲಾದರೂ ಕಸುಬು ಮುಂದುವರಿಯಿತು. 1791–92ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಬಂದ ಕಾರ್ನ್‌ವಾಲಿಸ್, 1803ರಲ್ಲಿ ಮರಾಠರ ವಿರುದ್ಧ ಹೊರಟ ಆರ್ಥರ್ ವೆಲ್ಲೆಸ್ಲಿ ಇಬ್ಬರೂ ಬಂಜಾರರ ಎತ್ತುಗಳನ್ನು ನಂಬಿದ್ದರು.

ಈ ಅಲೆದಾಟದ ಕಾಲದಲ್ಲೇ ಸಮುದಾಯಕ್ಕೆ ಸಂತ ಸೇವಾಲಾಲರು ದೊರೆತರು. ಅವರ ಜನನ 1739ರ ಫೆಬ್ರುವರಿ 15ರಂದು ಆಯಿತೆಂಬುದು ನಂಬಿಕೆ. ಕರ್ನಾಟಕದಲ್ಲಿ ಅವರ ಜನ್ಮಸ್ಥಳವೆಂದು ಪೂಜೆಗೊಳ್ಳುವುದು ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ. ಸಮಾಧಿ ಇರುವುದು ಮಹಾರಾಷ್ಟ್ರದ ಪೊಹರಾದೇವಿಯಲ್ಲಿ. ಸೇವಾಲಾಲರೂ ದನಗಳೊಡನೆ ಸಂಚರಿಸಿದವರು. ತಾಂಡಾಗಳಲ್ಲಿ ಅವರ ಗುಡಿ ಮತ್ತು ಮರಿಯಮ್ಮನ ಗುಡಿ ಅಕ್ಕಪಕ್ಕದಲ್ಲಿರುತ್ತವೆ. ಬೆಂಕಿಗೆ ತುಪ್ಪ ಮತ್ತು ಸಿಹಿ ಅರ್ಪಿಸುವ ‘ಭೋಗ್’ ಹಾಗೂ ಎಲ್ಲರ ಒಳಿತಿಗಾಗಿ ಮಾಡುವ ‘ಅರ್ದಾಸ್’ ಪ್ರಾರ್ಥನೆ ಅಲ್ಲಿನ ಪೂಜೆಯ ಮುಖ್ಯ ಭಾಗಗಳು.

ಲಂಬಾಣಿಗರ ಬದುಕು ತಲೆಕೆಳಗಾದದ್ದು 19ನೆಯ ಶತಮಾನದಲ್ಲಿ. ಮೊದಲು ಕಂಪನಿ ಸರಕಾರ, ನಂತರ ಬ್ರಿಟಿಷ್ ಸರಕಾರ ಉಪ್ಪಿನ ಮೇಲೆ ತೆರಿಗೆ ಮತ್ತು ಹತೋಟಿ ಬಿಗಿ ಮಾಡಿತು. ಅರಣ್ಯ ಕಾಯ್ದೆಗಳು ದನ ಮೇಯುವ ಕಾವಲುಗಳಿಗೆ ಬೇಲಿ ಹಾಕಿದವು. ಸಡಕುಗಳಾಗಿ ಬಂಡಿಗಳು ಹೆಚ್ಚಿದವು. 1876–78ರ ಬರ ಈ ಭಾಗದಲ್ಲಿ ಜನರನ್ನೂ ದನಗಳನ್ನೂ ಬಲಿ ತೆಗೆದುಕೊಂಡಿತು. ಅದರ ಬೆನ್ನಿಗೆ, 1884ರ ಹೊತ್ತಿಗೆ, ಹೋಟಗಿಯಿಂದ ಬಿಜಾಪುರದ ಮೂಲಕ ಗದಗಕ್ಕೆ ರೈಲು ಓಡತೊಡಗಿತು. ಸಾವಿರಾರು ಎತ್ತುಗಳು ವಾರಗಟ್ಟಲೆ ನಡೆದು ತಲುಪಿಸುತ್ತಿದ್ದ ಕಾಳನ್ನು ರೈಲು ಒಂದೆರಡು ದಿನಗಳಲ್ಲಿ ಮುಟ್ಟಿಸಿತು. ಹೇರೆತ್ತಿನ ಕಸುಬು ಅಲ್ಲಿಗೆ ಮುಗಿಯಿತು.

ಕಸುಬಿನೊಂದಿಗೆ ಮಾನವನ್ನೂ ಕಸಿದುಕೊಂಡದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದ ಈ ಕಾಯ್ದೆಯ ಪಟ್ಟಿಗೆ ಹಲವು ಪ್ರಾಂತಗಳಲ್ಲಿ ಲಂಬಾಣಿ ಪಂಗಡಗಳೂ ಸೇರಿದವು. ನಿಂತಲ್ಲಿ ನಿಲ್ಲದ ಜನ ಎಂಬುದೇ ಸಂಶಯಕ್ಕೆ ಸಾಕಾಯಿತು. ಹಿಂದೆ ದಂಡುಗಳಿಗೆ ಅನ್ನ ತಂದುಕೊಟ್ಟ ಅಲೆದಾಟವೇ ಈಗ ಅಪರಾಧವೆನಿಸಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಕಾಯ್ದೆ ರದ್ದಾಯಿತು. ಹಚ್ಚಿದ ಕಳಂಕ ಮಾತ್ರ ಬೇಗ ಅಳಿಯಲಿಲ್ಲ.

ಕಸುಬು ಕಳೆದುಕೊಂಡ ತಾಂಡಾಗಳು ಊರುಗಳ ಸೀಮೆಯಂಚಿನಲ್ಲಿ, ಗುಡ್ಡದ ಓರೆಯ ಮಡ್ಡಿ ನೆಲದಲ್ಲಿ ನೆಲೆ ನಿಂತವು. ಎರೆಹೊಲಗಳು ಮೊದಲೇ ಊರವರ ಕೈಯಲ್ಲಿದ್ದವು. ಹೊಸಬರ ಪಾಲಿಗೆ ಬಂದದ್ದು ಕಲ್ಲುನೆಲ, ಕೂಲಿ, ದನಗಾವಲು ಮತ್ತು ಕಟ್ಟಿಗೆ ಮಾರಾಟ. ಹಾದಿಯಲ್ಲಿ ರೂಢಿಯಾಗಿದ್ದ ಕಟ್ಟಳೆ ಮಾತ್ರ ನೆಲೆ ನಿಂತ ಮೇಲೂ ಉಳಿಯಿತು. ನಾಯಕ, ಅವನಿಗೆ ನೆರವಾಗುವ ಕಾರಭಾರಿ, ‘ಡಾವ್’ ಎಂಬ ಹಿರಿಯ ಕೂಡಿ ‘ನಸಾಬ್’ ಎಂಬ ಪಂಚಾಯಿತಿ ನಡೆಸುತ್ತಿದ್ದರು. ಮದುವೆ, ಜಗಳ, ಪಾಲು ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿದ್ದವು.

ಲಂಬಾಣಿ ಸಂಸ್ಕೃತಿ ಕಣ್ಣಿಗೆ ಕಾಣುವುದು ಹೆಣ್ಣುಮಕ್ಕಳ ಉಡುಗೆಯಲ್ಲಿ. ‘ಫೇಟಿಯಾ’ ಎಂಬ ಲಂಗ, ‘ಕಾಂಚಳಿ’ ಎಂಬ ಕುಪ್ಪಸ, ತಲೆಯ ಮೇಲಿನ ‘ಛಾಂಟಿಯಾ’ ಮೂರರ ಮೇಲೂ ಕೈಹೊಲಿಗೆ, ಕನ್ನಡಿ ಚೂರು, ಕವಡೆ, ನಾಣ್ಯಗಳ ಕೆಲಸವಿರುತ್ತದೆ. ಕೆನ್ನೆಯ ಬದಿಗೆ ಕೂದಲಿಗೆ ತೂಗುವ ‘ಘುಗ್ರಿ–ಟೋಪ್ಲಿ’ ಮತ್ತು ಮೊಣಕೈ ಮೇಲಿನ ‘ಚೂಡೋ’ ಬಳೆಗಳು ಮುತ್ತೈದೆಯ ಗುರುತು. ಗಂಟುಮೂಟೆ ಕಟ್ಟಿ ಸದಾ ನಡೆಯುವವರಿಗೆ ಪೆಟ್ಟಿಗೆ, ಕಪಾಟುಗಳಿರಲಿಲ್ಲ. ಆಸ್ತಿಯೆಲ್ಲ ಮೈಮೇಲೆ ಮತ್ತು ಎತ್ತಿನ ಮೇಲೆ. ಹೀಗಾಗಿ ಕಲೆಯೂ ಬಟ್ಟೆಯನ್ನೇ ಆಶ್ರಯಿಸಿತು. ಸಂಡೂರಿನ ಲಂಬಾಣಿ ಕಸೂತಿಗೆ ಈಗ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ.

ಕಡಲು ಕಾಣದ ತಾಂಡಾದ ಬಟ್ಟೆಯಲ್ಲಿ ಕಡಲ ಕವಡೆ ಇರುವುದು ದೂರದ ವ್ಯಾಪಾರದ ಗುರುತು. ಚಿಪ್ಪು, ಸಾಗಣೆಗಳನ್ನೇ ನಂಬಿದ್ದ ಬದುಕು ಮುರಿದುಬಿದ್ದ ಇಂಥದೇ ಒಂದು ಕಥೆ ಜಗತ್ತಿನ ಇನ್ನೊಂದು ತುದಿಯಲ್ಲೂ ಇದೆ: ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಚುಮಾಶ್ ಜನ ಕಡಲಚಿಪ್ಪಿನ ಮಣಿಗಳನ್ನೇ ಹಣವಾಗಿ ಬಳಸುತ್ತಿದ್ದರು. ‘ತೊಮೊಲ್’ ಎಂಬ ಹಲಗೆಯ ದೋಣಿಗಳಲ್ಲಿ ದ್ವೀಪಗಳಿಗೂ ದಡಕ್ಕೂ ನಡುವೆ ಸರಕು ಸಾಗಿಸುತ್ತಿದ್ದರು. 1772ರಿಂದ 1804ರವರೆಗೆ ಸ್ಪ್ಯಾನಿಷರು ಅವರ ನಾಡಿನಲ್ಲಿ ಐದು ಮಿಷನ್‌ಗಳನ್ನು ಕಟ್ಟಿದರು. ಹೊರಗಿನಿಂದ ಬಂದ ರೋಗ ಮತ್ತು ಬಲವಂತದ ದುಡಿಮೆಯಿಂದ ಜನಸಂಖ್ಯೆ ಕುಸಿಯಿತು. ಚುಮಾಶ್ ನುಡಿಯನ್ನು ತಾಯಿನುಡಿಯಾಗಿ ಬಲ್ಲ ಕೊನೆಯ ವ್ಯಕ್ತಿ ಮೇರಿ ಯೀ 1965ರಲ್ಲಿ ತೀರಿಕೊಂಡರು. 1976ರಲ್ಲಿ ಚುಮಾಶರು ಮತ್ತೆ ತೊಮೊಲ್ ಕಟ್ಟಿ ಕಡಲಿಗಿಳಿಸಿದರು. ನುಡಿಯನ್ನು ಹಳೆಯ ದಾಖಲೆಗಳಿಂದ ಹೊಸದಾಗಿ ಕಲಿಯುತ್ತಿದ್ದಾರೆ.

ಗೋರ್‌ಬೋಲಿಗೆ ಆ ಗತಿ ಬಂದಿಲ್ಲ. 2011ರ ಜನಗಣತಿಯಲ್ಲಿ ಸುಮಾರು 33 ಲಕ್ಷ ಜನ ಅದನ್ನು ತಾಯಿನುಡಿಯೆಂದು ಬರೆಸಿದ್ದಾರೆ. ಆದರೆ ಗಣತಿ ಅದನ್ನು ಹಿಂದಿಯ ಕೆಳಗೆ ಸೇರಿಸಿದೆ. ಸ್ವಂತ ಲಿಪಿ ಇಲ್ಲದ ಈ ನುಡಿಯನ್ನು ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ಸಂವಿಧಾನದ 8ನೆಯ ಅನುಸೂಚಿಗೆ ಸೇರಿಸಬೇಕೆಂಬ ಬೇಡಿಕೆ ಹಳೆಯದು.

ನುಡಿ ಉಳಿದಿರುವುದು ಹೆಚ್ಚಾಗಿ ಹಬ್ಬ ಮತ್ತು ಹಾಡುಗಳಲ್ಲಿ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು, ನಾಯಕನ ಮನೆಯಿಂದ ಆರಂಭಿಸಿ ಮನೆಮನೆಗೆ ಹೋಗಿ ‘ಮೇರಾ’ ಹಾಡಿ ಹರಸುತ್ತಾರೆ. ಮರುದಿನ ಹೊಲದ ಹೂ ತಂದು ಸಗಣಿಯ ‘ಗೋಧನ್’ಗೆ ಮುಡಿಸುತ್ತಾರೆ. ಶ್ರಾವಣದ ತೀಜ್‌ನಲ್ಲಿ ಬುಟ್ಟಿಯಲ್ಲಿ ಗೋದಿ ಬಿತ್ತಿ ಒಂಬತ್ತು ದಿನ ನೀರೆರೆಯುತ್ತಾರೆ. ಹೋಳಿಯಲ್ಲಿ ‘ಲೇಂಗಿ’ ಹಾಡುಗಳು, ಗಂಡು ಕೂಸಿಗೆ ‘ಧೂಂಡ್’ ಶಾಸ್ತ್ರ. ಮದುವೆಯ ಕೊನೆಗೆ ಮದುಮಗಳು ಎತ್ತಿನ ಬೆನ್ನ ಮೇಲೆ ನಿಂತು, ತೌರನ್ನು ನೆನೆದು ‘ಹವೇಲಿ’ ಹಾಡುತ್ತ ಅಳುವ ಪದ್ಧತಿಯಿತ್ತು. ಹೇರಿನ ಕಸುಬು ಹೋದ ಮೇಲೂ ಎತ್ತು ಮದುವೆಯ ಅಂಗಳದಲ್ಲಿ ಬಹುಕಾಲ ಉಳಿದುಕೊಂಡಿತು.

ಇಂದಿನ ಗಡಿಗಳು ಒಂದೇ ಕುಲದವರನ್ನು ಮೂರು ಪಟ್ಟಿಗಳಿಗೆ ಹಂಚಿವೆ. 1976ರ ತಿದ್ದುಪಡಿಯಿಂದ ಲಂಬಾಣಿಗರು ಇಡೀ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ತಿಕೋಟಾದಿಂದ ಗಡಿ ದಾಟಿ ಮಹಾರಾಷ್ಟ್ರದ ಜತ್ತಕ್ಕೆ ಹೋದರೆ ಅವರ ಬೀಗರೇ ವಿಮುಕ್ತ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಶಿಕ್ಷಣ ಮತ್ತು ಮೀಸಲಾತಿಯಿಂದ ತಾಂಡಾಗಳಿಂದ ಶಿಕ್ಷಕರು, ಅಧಿಕಾರಿಗಳು, ಜನಪ್ರತಿನಿಧಿಗಳು ಬಂದಿದ್ದಾರೆ, ಬಿ.ಟಿ. ಲಲಿತಾ ನಾಯಕ್ ಅವರಂಥ ಲೇಖಕಿ ಸಚಿವೆಯೂ ಆದರು. ಆದರೂ ದೀಪಾವಳಿ ಮುಗಿಯುತ್ತಲೇ ಬಹಳ ಕುಟುಂಬಗಳು ಕೂಲಿ ಗುತ್ತಿಗೆದಾರ ಮುಕಾದಮನಿಂದ ಮುಂಗಡ ಪಡೆದು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾದ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತವೆ. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರಗಳ ಒಣನೆಲ ತಲುಪಿದೆ. ಹೊಲ ಇದ್ದವರಿಗೆ ಅದರಿಂದ ದ್ರಾಕ್ಷಿ, ಕಬ್ಬು ಸಾಧ್ಯವಾಗಿದೆ. ಹೊಲ ಇಲ್ಲದವರ ಗುಳೆ ನಿಂತಿಲ್ಲ.

ಬಹುಕಾಲ ತಾಂಡಾಗಳಿಗೆ ಕಂದಾಯ ದಾಖಲೆಯಲ್ಲಿ ಹೆಸರೇ ಇರಲಿಲ್ಲ. ತಲೆಮಾರುಗಳಿಂದ ವಾಸವಿದ್ದರೂ ಮನೆಯ ಅಡಿಯ ಜಾಗ ಅವರದಲ್ಲ. ರಾಜ್ಯ ಸರಕಾರ 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಸ್ಥಾಪಿಸಿತು. ನಂತರ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳ 1,475 ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ, ಬಹುಪಾಲು ಲಂಬಾಣಿಗರಿಗೆ, ಹಕ್ಕುಪತ್ರ ವಿತರಣೆಯಾಯಿತು. ಆಸಫ್ ಖಾನನ ಕಾಲದ್ದೆನ್ನುವ ತಾಮ್ರಪಟ ಕೊಟ್ಟದ್ದು ನಡೆಯುವ ಹಾದಿಯಲ್ಲಿ ನೀರು ಮತ್ತು ಹುಲ್ಲಿನ ಹಕ್ಕು. ಈ ಪತ್ರ ಕೊಟ್ಟದ್ದು ನಿಂತ ನೆಲದ ಹಕ್ಕು. ಮನೆಯ ಜಾಗಕ್ಕೆ ಹಕ್ಕುಪತ್ರ ಸಿಕ್ಕಿದೆ. ವರ್ಷವಿಡೀ ಆ ಮನೆಯಲ್ಲೇ ಇದ್ದು ಬದುಕುವಷ್ಟು ದುಡಿಮೆ ತಾಂಡಾದ ಸುತ್ತಲೇ ಸಿಕ್ಕಾಗ ಮಾತ್ರ ಆ ಹಕ್ಕು ಪೂರ್ಣವಾಗುತ್ತದೆ.